ಜಲ್ಲಿ ಬೀದಿ ಶ್ರೀಮಂತವಾದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲುಸಾಕಾ ನಗರದ ಅಂಚಿನ ಜಲ್ಲಿ ಬೀದಿಯಲ್ಲಿ ಆಗಲೇ ಸುತ್ತಿಗೆಯ ಸದ್ದು. ಎನೆಲೆಸಿ ಮ್ವಾಲೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಎಡಗೈಯಲ್ಲಿ ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಬಳೆ, ಬಳೆಯೊಳಗೆ ಕಲ್ಲು. ಹಾಗೆ ಹಿಡಿದರೆ ಕಲ್ಲು ಜಾರುವುದಿಲ್ಲ, ಬೆರಳಿಗೆ ಬೀಳುವ ಏಟು ತಪ್ಪುತ್ತದೆ. ಎಲ್ಲ ಸಲವೂ ತಪ್ಪುತ್ತದೆ ಎಂದೇನಿಲ್ಲ. ಅವರ ಎಡ ಹೆಬ್ಬೆರಳಿನಲ್ಲಿ ಉಗುರೇ ಇಲ್ಲ.

ಗಂಡಸರು ಬಂಡೆಯ ಮೇಲೆ ಹಳೇ ಟೈರು ಸುಟ್ಟು, ಕಾದ ಬಂಡೆ ಬಿರಿದ ಮೇಲೆ ಒಡೆದು ತರುತ್ತಾರೆ. ಹೆಂಗಸರು ಆ ದಪ್ಪ ಕಲ್ಲುಗಳನ್ನು ಕೊಂಡು, ಕುಟ್ಟಿ, ಜಲ್ಲಿ ಮಾಡಿ ರಸ್ತೆಬದಿಗೆ ಗುಡ್ಡೆ ಹಾಕುತ್ತಾರೆ. ಎನೆಲೆಸಿ ಇಡೀ ದಿನ ಕುಟ್ಟಿದರೆ ಎರಡು ತಳ್ಳುಗಾಡಿ ತುಂಬುತ್ತದೆ. ಅದು ಎಂದು ಮಾರಾಟವಾಗುತ್ತದೋ ದೇವರೇ ಬಲ್ಲ. ಎದುರಿಗೆ ಏಳುತ್ತಿರುವ ದೊಡ್ಡ ಕಟ್ಟಡಗಳಿಗೆ ಯಂತ್ರದ ಜಲ್ಲಿ ಲಾರಿಗಟ್ಟಲೆ ಬರುತ್ತದೆ. ಇವರ ಗುಡ್ಡೆಯ ಮುಂದೆ ನಿಲ್ಲುವವರು ಒಂದು ಕೋಣೆಯನ್ನೋ ಒಂದು ಕಕ್ಕಸನ್ನೋ ಕಟ್ಟಿಸುವವರು.

"ದೇಶ ಬೆಳೀತಿದೆ ಅಂತ ರೇಡಿಯೋದಲ್ಲಿ ದಿನಾ ಹೇಳ್ತಾರೆ. ಸುಳ್ಳಲ್ಲ ಬಿಡಿ. ಇಲ್ಲಿ ಕೂತ್ರೆ ನಂಗೇ ಕಾಣುತ್ತೆ. ಎದುರಿನ ಆ ಕಟ್ಟಡ ಹೋದ ಮಳೆಗಾಲಕ್ಕೆ ನಾಲ್ಕಂತಸ್ತು ಇತ್ತು, ಈಗ ಒಂಬತ್ತು," ಎನ್ನುತ್ತಾರೆ ಎನೆಲೆಸಿ, ಸುತ್ತಿಗೆ ನಿಲ್ಲಿಸದೆ.

ಎನೆಲೆಸಿಗೆ ಐವತ್ತೆಂಟು. ಗಂಡ ಇದೇ ಬಂಡೆಯ ಹೊಗೆ ಕುಡಿದು ಕೆಮ್ಮಿ ಕೆಮ್ಮಿ ಹೋದರು. ಮಗಳೂ ಇಲ್ಲ. ಮಗಳ ಮಗಳು ತಾವೊಂಗ ಇದ್ದಾಳೆ, ಒಂಬತ್ತು ವರ್ಷದವಳು. ಬೀದಿಯ ಕೊನೆಯ ಶಾಲೆಯಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಮಕ್ಕಳಿಗೆ ಕಡಲೆಕಾಯಿ ಬೆರೆಸಿದ ಜೋಳದ ಗಂಜಿ ಕೊಡುತ್ತಿದ್ದರು. ದೂರದೇಶದ ಒಂದು ಸಂಸ್ಥೆಯ ದಾನ ಅದು. ಅಷ್ಟು ಹೊಟ್ಟೆಗೆ ಬಿದ್ದರೆ ರಾತ್ರಿಯ ಮುದ್ದೆಯವರೆಗೆ ಹುಡುಗಿ ತಡೆಯುತ್ತಿದ್ದಳು. ನಡುವೆ ಬೇರೆ ಊಟವಿಲ್ಲ. ಈಗ ಆ ಗಂಜಿಯೂ ಇಲ್ಲ, ಮೂರು ವಾರವಾಯಿತು. ಯಾಕೆ ನಿಂತಿತು ಎಂಬುದನ್ನು ಕೇಳಿದರೆ ಯಾರಾದರೂ ದಂಗಾಗಬೇಕು.

ಜೂನ್ ತಿಂಗಳಲ್ಲಿ ಆ ಸಂಸ್ಥೆಯಿಂದ ಲುಬಿಂಡಾ ಎಂಬ ತರುಣ ಸರ್ವೆಗೆ ಬರುತ್ತಾನೆ ಎಂದು ಸುದ್ದಿಯಾಯಿತು. ಯಾತರ ಸರ್ವೆ ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮನೆಗೆ ಅತಿಥಿ ಬರುತ್ತಿದ್ದಾನೆ, ಅಷ್ಟೇ ತಿಳಿದದ್ದು. ಬಂದವನನ್ನು ನೆಲದ ಮೇಲೆ ಕೂರಿಸಿದ ಮನೆಯ ಹೆಸರು ಈ ಬೀದಿಯಲ್ಲಿ ಹತ್ತು ವರ್ಷ ಕೆಟ್ಟಿರುತ್ತದೆ. ಆದರೆ ಸೋಫಾ ಇದ್ದದ್ದು ಒಬ್ಬರ ಮನೆಯಲ್ಲಿ ಮಾತ್ರ. ಮಿನಿಬಸ್ ಓಡಿಸುವವನ ಹೆಂಡತಿ, ಮುಲೆಂಗನ ಅಮ್ಮ ಎಂದೇ ಎಲ್ಲರೂ ಕರೆಯುವವರು, ವರ್ಷದ ಹಿಂದೆ ಕೊಂಡ ಕೆಂಪು ಸೋಫಾ ಅದು.

ಲುಬಿಂಡಾ ಮೊದಲು ಅವರ ಮನೆಗೇ ಹೋಗಿ, ಸೋಫಾದ ಮೇಲೆ ಕೂತು, ಪ್ರಶ್ನೆ ಕೇಳಿ ಎದ್ದ. ಅವನು ಮುಂಬಾಗಿಲಿನಿಂದ ಹೊರಬಿದ್ದದ್ದೇ ತಡ, ಸೋಫಾ ಹಿತ್ತಲಿನಿಂದ ಹೊರಟಿತು. ಎರಡು ತಳ್ಳುಗಾಡಿ ಜೋಡಿಸಿ, ಮೇಲೆ ಸೋಫಾ ಇಟ್ಟು, ಹಿಂದಿನ ಓಣಿಯಲ್ಲಿ ಪಕ್ಕದ ಮನೆಗೆ. ಅಲ್ಲಿಂದ ಅದರ ಪಕ್ಕದ ಮನೆಗೆ. ಪ್ರತಿ ಮನೆಯವರೂ ತಾವೇ ಹೆಣೆದ ಕ್ರೋಶಾ ಹೊದಿಕೆಯನ್ನು ಮೇಲೆ ಹರಡಿದರು. ಒಂದು ಕಡೆ ಬಿಳಿ, ಒಂದು ಕಡೆ ಹಳದಿ, ಎನೆಲೆಸಿಯವರದ್ದು ನೀಲಿ ಅಂಚಿನದು. ಅತಿಥಿಯನ್ನು ರಸ್ತೆಯಲ್ಲಿ ಮಾತಿಗೆಳೆದು ತಡೆಯುವುದಕ್ಕೆಂದೇ ಇಬ್ಬರು ಮುದುಕರನ್ನು ನೇಮಿಸಿದ್ದರು.

"ಮೋಸ ಮಾಡ್ಬೇಕು ಅಂತ ಯಾರಿಗಿತ್ತು? ಅವನು 'ಇದು ನಿಮ್ದಾ' ಅಂತ ಕೇಳಿದ್ರೆ ಅಲ್ಲ ಅಂತಿದ್ವಿ. ಕೇಳ್ಲಿಲ್ಲ. ಕೂತ, ಬರ್ಕೊಂಡ, ಹೋದ," ಎನ್ನುತ್ತಾರೆ ಎನೆಲೆಸಿ.

ಎರಡು ತಿಂಗಳ ನಂತರ ಶಾಲೆಯಲ್ಲಿ ಸಭೆ ಸೇರಿತು. ಲುಬಿಂಡಾ ಮುಖವರಳಿಸಿ ನಿಂತ. "ಅಮ್ಮಂದಿರೇ, ಸಿಹಿ ಸುದ್ದಿ ತಂದಿದೀನಿ. ಎರಡು ವರ್ಷದ ಹಿಂದೆ ಈ ಬೀದೀಲಿ ಒಂದೂ ಸೋಫಾ ಇರ್ಲಿಲ್ಲ. ಈಗ ನಾನು ಹೋದ ಹನ್ನೊಂದು ಮನೇಲೂ ಇದೆ. ದೇಶದ ಬೆಳವಣಿಗೆ ನಿಮ್ಮ ಬಾಗಿಲಿಗೂ ಬಂತು ಅಂತ ಲೆಕ್ಕ."

ಹೆಂಗಸರು ಚಪ್ಪಾಳೆ ತಟ್ಟಿದರು, ಮರ್ಯಾದೆಗೆ. ಆಮೇಲೆ ಅವನು ಹೇಳಿದ: ಮುಂದಿನ ತಿಂಗಳಿನಿಂದ ಗಂಜಿ ಇಲ್ಲಿಗಿಂತ ಬಡವರಿರುವ ಕಡೆಗೆ ಹೋಗುತ್ತದೆ.

ಚಪ್ಪಾಳೆ ತಟ್ಟಿದ ಕೈಗಳು ಹಾಗೇ ನಿಂತವು. ಮಾತಾಡಿದರೆ ಬೀದಿಯ ಮಾನ ಹೋಗುತ್ತದೆ, ಬಾಯಿ ಮುಚ್ಚಿಕೊಂಡರೆ ಮಗುವಿನ ಗಂಜಿ ಹೋಗುತ್ತದೆ. ಪಕ್ಕದವರು ಸುಮ್ಮನಿರು ಎಂದು ಎನೆಲೆಸಿಯ ತೊಡೆ ಚಿವುಟಿದರು. ಆದರೂ ಅವರು ಎದ್ದು ನಿಂತರು.

"ಅಪ್ಪಾ ಲುಬಿಂಡಾ, ನೀನು ಕೂತಿದ್ದು ಒಂದೇ ಸೋಫಾ ಕಣಪ್ಪಾ."

"ಒಂದೇ ತರದ್ದಾ ಅಜ್ಜಿ? ನಂಗೂ ಹಾಗೇ ಅನ್ನಿಸ್ತು. ಎಲ್ರೂ ಒಂದೇ ಅಂಗಡೀಲಿ ತಗೊಂಡಿರ್ಬೇಕು ಅಂದ್ಕೊಂಡೆ."

"ಒಂದೇ ತರದ್ದಲ್ಲಪ್ಪಾ. ಒಂದೇ."

ಮುಲೆಂಗನ ಅಮ್ಮ ತಲೆ ತಗ್ಗಿಸಿಕೊಂಡೇ ದನಿಗೂಡಿಸಿದರು. "ಎಡಗಡೆ ಕಾಲು ಅಲ್ಲಾಡ್ತಿತ್ತಲ್ಲ, ಜ್ಞಾಪಕ ಇಲ್ವಾ? ನೀನು ಕೊನೇ ಮನೆ ಮುಗಿಸೋ ಹೊತ್ತಿಗೆ ಕಿತ್ಕೊಂಡೇ ಬಂತು. ರಿಪೇರಿ ಮಾಡ್ಸಿದೀನಿ."

ಯಾರೋ ಕಿಸಕ್ಕನೆ ನಕ್ಕರು. ಲುಬಿಂಡಾ ನಗಲಿಲ್ಲ. ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ. ಲೆಕ್ಕ ಮೇಲಕ್ಕೆ ಹೋಗಿಯಾಗಿದೆ, ಯಾರೋ ದೊಡ್ಡವರು ಭಾಷಣದಲ್ಲಿ ಹೇಳಿಯೂ ಆಗಿದೆ, ಅದನ್ನು ಕೆಳಗಿಳಿಸುವುದು ತನ್ನ ಕೈಲಿಲ್ಲ ಎಂದ. ಇನ್ನೊಂದು ಸರ್ವೆ ಮಾಡಿಸಿ ಎಂದು ಅವತ್ತಿನಿಂದ ಬೇಡಿಕೊಳ್ಳುತ್ತಲೇ ಇದ್ದಾನಂತೆ, ಉತ್ತರ ಬಂದಿಲ್ಲ. ಒಂದು ಸೋಫಾ ಓಣಿಯಲ್ಲಿ ಉರುಳಿದ್ದಕ್ಕೆ ಒಂದು ಬೀದಿಯ ಬಡತನವೇ ತೀರಿತು ಎಂದರೆ, ಇಂಥ ಲೆಕ್ಕದ ಮೇಲೆ ನಿಂತ ಏಳಿಗೆ ಎಂಥದ್ದು?

ಬಿಸಿಲು ಏರುತ್ತಿದೆ. ತಾವೊಂಗ ಇವತ್ತು ಶಾಲೆಗೆ ಹೋಗಿಲ್ಲ, ಅಜ್ಜಿಯ ಗುಡ್ಡೆಗೆ ಒರಗಿ ಕೂತಿದ್ದಾಳೆ. ಮೊನ್ನೆ ತರಗತಿಯಲ್ಲಿ ತಲೆಸುತ್ತಿ ಬಿದ್ದಳು. ಒಂದು ಗುಡ್ಡೆ ಮಾರಾಟವಾದರೆ ಸಂಜೆಗೆ ಹಿಟ್ಟು ಬರುತ್ತದೆ ಎಂದು ಎನೆಲೆಸಿ ರಸ್ತೆ ನೋಡುತ್ತಾ ಕುಟ್ಟುತ್ತಾರೆ.

ಪಕ್ಕದ ಗುಡ್ಡೆಯಿಂದ ಮುಲೆಂಗನ ಅಮ್ಮ ಕೂಗುತ್ತಾರೆ, "ಮುಂದಿನ ಸಲ ಆ ಸರ್ವೆಯವನು ಬರ್ಲಿ ಅಕ್ಕಾ, ಈ ಕಲ್ಲಿನ ಮೇಲೇ ಕೂರ್ಸೋಣ. ಚುಚ್ಚಿದಾಗ ಗೊತ್ತಾಗುತ್ತೆ."

"ಬಂದೋರನ್ನ ಕಲ್ಲಿನ ಮೇಲೆ ಕೂರ್ಸೋ ಗತಿ ಇನ್ನೂ ಬಂದಿಲ್ಲ ಕಣೇ," ಎಂದು ಎನೆಲೆಸಿ ಗದರುತ್ತಾರೆ. ಆಮೇಲೆ ರಬ್ಬರಿನ ಬಳೆಯೊಳಗೆ ಹೊಸ ಕಲ್ಲು ಸೇರಿಸಿ, ಒಂಬತ್ತಂತಸ್ತಿನ ಕಡೆ ಒಮ್ಮೆ ನೋಡಿ, ನಿಧಾನವಾಗಿ ಹೇಳುತ್ತಾರೆ.

"ಬೆಳವಣಿಗೆ ಬಾಗಿಲಿಗೆ ಬಂದಿತ್ತು ಅಂದ್ನಲ್ಲ, ನಾವ್ಯಾರೂ ನೋಡ್ಲೇ ಇಲ್ಲ. ನಿಜವಾಗ್ಲೂ ಬರೋದಾದ್ರೆ ಒಂದ್ ಮಾತು ಮುಂಚೆ ಹೇಳಿ ಬರ್ಲಿ. ಅದನ್ನೂ ಸೋಫಾದ ಮೇಲೇ ಕೂರಿಸ್ತೀನಿ."