ಗಾಣದ ಬೀದಿಗೆ ಸುದ್ದಿ ಸಾರುವ ಓಬಳೇಶ್

ಹಿರಿಯೂರಿನ ಹೂವಿನ ಮಾರುಕಟ್ಟೆಯಲ್ಲಿ ಸೇವಂತಿಗೆ ಮೂಟೆಗಳು ಇನ್ನೂ ಲಾರಿಯಿಂದ ಇಳಿಯುತ್ತಿವೆ. ಹೆದ್ದಾರಿ ಕಡೆಯಿಂದ ಬಂದ ಬಸ್ಸೊಂದು ನಿದ್ದೆಗಣ್ಣಿನ ನಾಲ್ಕು ಜನರನ್ನು ಇಳಿಸಿ ಮುಂದೆ ಹೋಗುತ್ತದೆ. ಪಕ್ಕದಲ್ಲಿ ನಿಂತಿರುವ ಹಳೆಯ ಆಟೋದ ಮೇಲೆ ಓಬಳೇಶ್ ಎರಡು ಹಾರ್ನ್‌ಗಳನ್ನಿಟ್ಟು ಸೈಕಲ್ ಟ್ಯೂಬಿನಿಂದ ಬಿಗಿಯುತ್ತಿದ್ದಾರೆ. ಬಾಯಲ್ಲಿ ಒಂದೆರಡು ಕಾಳುಮೆಣಸು. ಗಂಟಲಿಗೆ ಅವರಿಗೆ ಗೊತ್ತಿರುವ ಔಷಧ ಅದೊಂದೇ. ಬಿಗಿದು ಮುಗಿದ ಮೇಲೆ ಮೈಕನ್ನು ಬಾಯಿಗೆ ಹಿಡಿದು ಮೆಲ್ಲಗೆ "ಅಲೋ" ಅನ್ನುತ್ತಾರೆ. ಮೂಟೆ ಹೊರುತ್ತಿದ್ದ ಹಮಾಲಿಯೊಬ್ಬ ತಿರುಗಿಯೂ ನೋಡದೆ ಕೇಳುತ್ತಾನೆ, "ಏನ್ ಓಬಳೇಶಣ್ಣ, ಇವತ್ತೂ ನೀರಿಲ್ವಾ?"

ಊರಿಗೆ ಅವರು ಗೊತ್ತಿರುವುದು ಹೀಗೆಯೇ. ನೀರು ಬಾರದ ದಿನ, ಕರೆಂಟು ತೆಗೆಯುವ ಹೊತ್ತು, ಪೋಲಿಯೊ ಹನಿ, ಕಂದಾಯ ಕಟ್ಟುವ ಕೊನೆಯ ತಾರೀಕು, ಬಸ್ ನಿಲ್ದಾಣದಲ್ಲಿ ತಪ್ಪಿಸಿಕೊಂಡ ಮಗು, ಎಲ್ಲವೂ ಊರಿಗೆ ತಲುಪುವುದು ಈ ಐವತ್ತು ದಾಟಿದ ಮನುಷ್ಯನ ಬಾಯಿಂದ. ಅವರ ದನಿ ಕೇಳದ ಕಿವಿ ಹಿರಿಯೂರಿನಲ್ಲಿ ಕಡಿಮೆ. ಮುಖ ನೋಡಿ ಗುರುತು ಹಿಡಿಯುವವರು ಅದಕ್ಕಿಂತ ಕಡಿಮೆ. ಹೋಟೆಲಿನಲ್ಲಿ ಪಕ್ಕದಲ್ಲೇ ಕೂತವರು ಅವರು ಇಡ್ಲಿ ಹೇಳಿದ ಮೇಲೆ ಬೆಚ್ಚಿ ನೋಡಿದ್ದುಂಟಂತೆ.

ಈಗ ಹೆಚ್ಚಿನ ಪ್ರಚಾರದ ಆಟೋಗಳು ಪೆನ್‌ಡ್ರೈವ್ ಸಿಕ್ಕಿಸಿಕೊಂಡು ಓಡುತ್ತವೆ. ಯಾವುದೋ ಸ್ಟುಡಿಯೋದ ಹೆಣ್ಣುದನಿ ಎಲ್ಲ ಬೀದಿಗೂ ಒಂದೇ ರಾಗದಲ್ಲಿ ಹೇಳಿಕೊಂಡು ಹೋಗುತ್ತದೆ. ಓಬಳೇಶ್ ಮಾತ್ರ ಬಾಯಲ್ಲೇ ಸಾರುವವರು. ನಗರಸಭೆಯವರು ಕೊಟ್ಟ ಒಕ್ಕಣೆಯನ್ನು ಒಮ್ಮೆ ಓದಿ ಮಡಚಿ ಜೇಬಿಗಿಡುತ್ತಾರೆ, ಆಮೇಲೆ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಈ ಗುರುವಾರದ ಒಕ್ಕಣೆಯಲ್ಲಿ "ಚರಂಡಿ ಅಗಲೀಕರಣ ಕಾಮಗಾರಿ ಕುರಿತು ಸಾರ್ವಜನಿಕರ ಅಹವಾಲು ಸ್ವೀಕಾರ" ಎಂದೇನೋ ಇದೆ. ಗಾಣದ ಬೀದಿ ಮುಖ್ಯರಸ್ತೆಗೆ ಸೇರುವ ಮೂಲೆಯಲ್ಲಿ ಆಟೋ ನಿಲ್ಲಿಸಿದ ಓಬಳೇಶರ ಬಾಯಲ್ಲಿ ಅದು ಹೀಗೆ ಬರುತ್ತದೆ:

"ಗಾಣದ ಬೀದಿಯೋರು ಕೇಳ್ರಪ್ಪ, ಕೇಳ್ರವ್ವ. ನಿಮ್ ಬೀದಿ ಚರಂಡಿ ಅಗಲ ಮಾಡ್ತಾರಂತೆ. ಮನೆ ಮುಂದ್ಲ ಜಗಲಿ ಹೋದ್ರೂ ಹೋಗಬೋದು. ಬೇಕು ಅನ್ನೋರೂ ಬರ್ರಿ, ಬ್ಯಾಡ ಅನ್ನೋರೂ ಬರ್ರಿ. ಶನಿವಾರ ಬೆಳಿಗ್ಗೆ, ಸಮುದಾಯ ಭವನಕ್ಕೆ. ಆಮೇಲೆ ಬಂದು ನಮಗೆ ಗೊತ್ತೇ ಇರ್ಲಿಲ್ಲ ಅನ್ನಬ್ಯಾಡ್ರಿ."

ಬೀದಿಯ ಒಳಗೆ ಆಟೋ ಹೋಗುವಷ್ಟು ಜಾಗವಿದೆ. ಆದರೂ ಅವರು ಹೋಗುವುದಿಲ್ಲ. ಯಾಕೆಂದು ಕೇಳಿದರೆ ಅಪ್ಪನ ಕಥೆ ಹೇಳುತ್ತಾರೆ. ಅಪ್ಪ ಚಿಕ್ಕತಿಮ್ಮಪ್ಪ ಇದೇ ಊರಿನಲ್ಲಿ ತಮಟೆ ಬಡಿದು ಸಾರುತ್ತಿದ್ದವರು. ವೇದಾವತಿಯಲ್ಲಿ ನೀರು ಏರಿದರೆ, ಮಾರಿಕಣಿವೆ ಅಣೆಕಟ್ಟಿನಿಂದ ನಾಲೆಗೆ ನೀರು ಬಿಟ್ಟರೆ, ಊರಿಗೆ ಮೊದಲು ಕೇಳುತ್ತಿದ್ದುದು ಅವರ ತಮಟೆ. "ಸಾರೋನು ಕೂಡುರಸ್ತ್ಯಾಗೆ ನಿಲ್ಲಬೇಕು, ಒಬ್ರ ಬಾಗಿಲ ಮುಂದೆ ನಿಲ್ಲಬಾರ್ದು ಅಂತಿದ್ದ ನಮ್ಮಪ್ಪ. ಸುದ್ದಿ ಕೆಟ್ಟದಿದ್ರೆ ಆ ಮನೆಗೇ ಅಂಟ್ಕಂತೈತೆ. ಮೂರು ದಾರಿ ಕೂಡೋ ಕಡೆ ಹೇಳಿದ್ರೆ ಗಾಳೀಗ್ ಹೋಗ್ತೈತೆ. ನಾನೂ ಅಂಗೇ ನಡ್ಕಂಡು ಬಂದೀನಿ." ಎಷ್ಟು ಚೆಂದದ ನಡವಳಿಕೆ ಎಂದುಕೊಂಡು, ಅವರ ಬಗ್ಗೆ ಬರೆಯಲು ಜೊತೆಗೆ ಸುತ್ತುತ್ತಿದ್ದ ನಾನೂ ಅದನ್ನು ಹಾಗೇ ಬರೆದುಕೊಂಡೆ.

ಗಾಣದ ಬೀದಿಯ ಜಗಳ ಹೊರಗಿನವರಿಗೆ ಸಣ್ಣದಾಗಿ ಕಾಣಬಹುದು. ಬೀದಿ ಕುಡುಗೋಲಿನಂತೆ ಬಾಗಿದೆ. ತಗ್ಗಿರುವುದು ಮುಖ್ಯರಸ್ತೆಯ ಕಡೆ. ಜೋರು ಮಳೆ ಬಂದರೆ ಇಕ್ಕಟ್ಟಿನ ಚರಂಡಿ ಕಟ್ಟಿಕೊಂಡು ನೀರು ಆ ಕಡೆಯ ಮನೆಗಳಿಗೆ ನುಗ್ಗುತ್ತದೆ. ಅಲ್ಲಿ ದಿನಸಿ ಅಂಗಡಿ ಇಟ್ಟಿರುವ ಮಲ್ಲೇಶ್, ಕಳೆದ ಮಳೆಗಾಲದಲ್ಲಿ ಹಾಸಿಗೆ ಹಿಡಿದ ತಂದೆಯನ್ನು ಮಂಚದ ಸಮೇತ ಎತ್ತಿ ಅಂಗಡಿಯ ಮೂಟೆಗಳ ಮೇಲೆ ಇಟ್ಟು ರಾತ್ರಿ ಕಳೆದವರು. "ಮೋಡ ಕಂಡ್ರೆ ನಮ್ಮಪ್ಪ ಅಳ್ತಾರ್ರಿ. ಜಗಲಿ ದೊಡ್ಡದೋ ಜೀವ ದೊಡ್ಡದೋ, ನೀವೇ ಹೇಳ್ರಿ," ಎನ್ನುತ್ತಾರೆ.

ಚರಂಡಿ ಅಗಲವಾಗಬೇಕಾದರೆ ಬೀದಿಯ ಆ ತುದಿಯ, ದಿಣ್ಣೆಯ ಮೇಲಿನ ಹಳೆಯ ಮನೆಗಳ ಜಗಲಿಗಳು ಹೋಗಬೇಕು. ಆ ಜಗಲಿಗಳ ಮೇಲೆ ಬೆಳಗಿನಿಂದ ಸಂಜೆಯವರೆಗೆ ಹೆಂಗಸರು ಹೂ ಕಟ್ಟುತ್ತಾರೆ. ಒಳಗೆ ಕೂತು ಕಟ್ಟಲು ಆ ಮನೆಗಳಲ್ಲಿ ಬೆಳಕೂ ಇಲ್ಲ, ಜಾಗವೂ ಇಲ್ಲ. ಮಾರುಕಟ್ಟೆಯವರು ಬುಟ್ಟಿ ಇಳಿಸಿ ಹೋಗುವುದೂ ಜಗಲಿಯ ಮೇಲೆಯೇ. ಅದು ಹೋದರೆ ಕೆಲಸವೂ ಹೋದಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಗಿದೆ ಈ ಬೀದಿ. ಇಲ್ಲಿ ಎತ್ತಿನದೂ ನ್ಯಾಯ, ಕೋಣದ್ದೂ ನ್ಯಾಯ.

ಶುಕ್ರವಾರ ಬೆಳಿಗ್ಗೆ ಓಬಳೇಶರ ಮನೆಗೆ ಹೋದಾಗ ಅವರು ಮೆಣಸನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಗೋಡೆಗೊರಗಿ ಸುಮ್ಮನೆ ಕೂತಿದ್ದಾರೆ. ಹೆಂಡತಿ ಅನುಸೂಯ ತಂದಿಟ್ಟ ಚಹಾ ಆರುತ್ತಿದೆ. ವಿಷಯ ಇಷ್ಟು: ಗುರುವಾರ ಅವರು ಮೂಲೆಯಲ್ಲಿ ನಿಂತು ಸಾರುವಾಗ ದಿಣ್ಣೆಯ ತುದಿಯಲ್ಲಿ ಬೋರ್‌ವೆಲ್ ಲಾರಿ ಕೊರೆಯುತ್ತಿತ್ತು. ಆ ಸದ್ದಿಗೆ, ದೂಳಿಗೆ ಅಲ್ಲಿನವರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಸಭೆಯ ಸುದ್ದಿ ತಗ್ಗಿನವರಿಗೆ ಮಾತ್ರ ಮುಟ್ಟಿದೆ. ಅವರು ಆಗಲೇ ಮನೆಮನೆ ಸುತ್ತಿ ಜನ ಕೂಡಿಸುತ್ತಿದ್ದಾರೆ. ಜಗಲಿಯವರಿಗೆ ಅರೆಬರೆ ಗೊತ್ತಾಗಿದ್ದು ಈ ಬೆಳಿಗ್ಗೆ ಹಾಲಿನವನು ಬಂದು ಹೇಳಿದ ಮೇಲೆ. ಹೇಳಿದವನು ಸುಮ್ಮನೆ ಹೇಳಲಿಲ್ಲ, ಓಬಳೇಶ್ ತಗ್ಗಿನವರ ಕಡೆ ಸೇರಿಕೊಂಡು ಬೇಕಂತಲೇ ಈ ಕಡೆ ಬರಲಿಲ್ಲ ಎಂದೂ ಸೇರಿಸಿದ್ದಾನೆ.

"ಯಾರು ಬೈದ್ರೂ ಈ ಮನುಷ್ಯನಿಗೆ ನಾಟಲ್ಲ. ಊರಾಗೆ ನೀರು ಬರದಿದ್ರೂ ಇವ್ರಿಗೇ ಬೈತಾರೆ, ನಕ್ಕಂಡು ಬರ್ತಾರೆ," ಎನ್ನುತ್ತಾರೆ ಅನುಸೂಯ. "ಇವತ್ತು ನೋಡ್ರಿ, ಅನ್ನ ಮುಟ್ಟಿಲ್ಲ."

ಓಬಳೇಶ್ ತಲೆ ಎತ್ತುವುದಿಲ್ಲ. "ಬೋರ್ ಸದ್ದು ನಂಗೂ ಕೇಳ್ತಿತ್ತು ಕಣ್ರಿ. ನನ್ ಹಾರ್ನ್ ಜೋರೈತೆ ಅಂತ ಬಿಟ್ಟೆ. ನಾಳೆ ಅವ್ರು ಬರ್ಲಿಲ್ಲ ಅಂದ್ರೆ ಯಾರೂ ಬ್ಯಾಡ ಅನ್ಲಿಲ್ಲ ಅಂತ ಬರ್ಕಂತಾರೆ. ಜೆಸಿಬಿ ಬರ್ತೈತೆ. ಹೂ ಕಟ್ಟೋರು ಎಲ್ಲಿಗ್ ಹೋಗ್ತಾರೆ?" ಮೈಕು ಹಿಡಿದರೆ ಊರಿಗೆಲ್ಲ ಕೇಳುವ ದನಿ, ಪಕ್ಕದಲ್ಲಿ ಕೂತ ನನಗೆ ಸರಿಯಾಗಿ ಕೇಳಿಸುತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರು ಎದ್ದು ಆಟೋ ತೆಗೆಯುತ್ತಾರೆ. ಗಾಣದ ಬೀದಿಯ ಮೂಲೆಯಲ್ಲಿ ನಿಲ್ಲಿಸುತ್ತಾರೆ, ಅದೇ ಜಾಗದಲ್ಲಿ. ಮೈಕು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಾರೆ. ಕಾರಣವಿದೆ: ಸುಳ್ಳುಸುದ್ದಿ ಹಬ್ಬಿದ ಮೇಲೆ ಮತ್ತೆ ಮೂಲೆಯಲ್ಲಿ ನಿಂತು ಕೂಗಿದರೆ ತಗ್ಗಿನವರಿಗೇ ಇನ್ನೊಮ್ಮೆ ಹೇಳಿದಂತಾಗುತ್ತದೆ. ಒಳಗೆ ಹೋಗೋಣವೆಂದರೆ ಅಪ್ಪನ ಮಾತು ಅಡ್ಡ. ಅತ್ತ ದರಿ, ಇತ್ತ ಪುಲಿ. ಬಿಸಿಲಲ್ಲಿ ನಿಂತು ಬೆವರೊರೆಸಿಕೊಳ್ಳುವ ಅವರನ್ನು ನೋಡುತ್ತ ನನಗೂ ಕಸಿವಿಸಿ. ಕಡೆಗೆ ಚಪ್ಪಲಿಯನ್ನು ಆಟೋದಲ್ಲೇ ಬಿಟ್ಟು ಬರಿಗಾಲಲ್ಲಿ ಬೀದಿಯೊಳಗೆ ನಡೆಯುತ್ತಾರೆ. ಚಪ್ಪಲಿ ಯಾಕೆ ಬಿಟ್ಟಿರಿ ಎಂದರೆ, "ಏನೋ, ಅಭ್ಯಾಸ," ಅನ್ನುತ್ತಾರೆ.

ದಿಣ್ಣೆಯ ಮೊದಲ ದೊಡ್ಡ ಜಗಲಿ ಮರುಳಸಿದ್ದಮ್ಮನವರದು. ಎಪ್ಪತ್ತು ದಾಟಿದ ಹಿರಿಯರು, ಈ ಬೀದಿಗೆ ಸೊಸೆಯಾಗಿ ಬಂದವರು. ಅವರ ಸುತ್ತ ನಾಲ್ಕೈದು ಹೆಂಗಸರು ಕೂತು ಕನಕಾಂಬರ ಕಟ್ಟುತ್ತಿದ್ದಾರೆ. ಓಬಳೇಶರನ್ನು ಕಂಡು ಮಾತು ನಿಲ್ಲುತ್ತದೆ, ಬೆರಳು ನಿಲ್ಲುವುದಿಲ್ಲ. ಅವರು ಕೆಳಗೆ ಬೀದಿಯಲ್ಲೇ ನಿಂತು, ನಾಳಿನ ಸಭೆಯ ಸುದ್ದಿಯನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳುತ್ತಾರೆ. "ನಿನ್ನೆ ನಿಮಗ್ ಕೇಳಿಲ್ಲಂತೆ. ತಪ್ಪು ನಂದೇ. ಬೇಕಂತ ಮಾಡ್ಲಿಲ್ಲ ಕಣವ್ವ. ಬಾಗಿಲ ಮುಂದೆ ನಿಂತು ಸಾರಬಾರ್ದು ಅಂತ ನಮ್ಮಪ್ಪ ಹೇಳಿದ್ದ, ಅದಕ್ಕೆ..."

ಮರುಳಸಿದ್ದಮ್ಮ ಕಟ್ಟುತ್ತಿದ್ದ ಮಾಲೆಯನ್ನು ಮಡಿಲಿಗಿಡುತ್ತಾರೆ. ಆಮೇಲೆ ಹೇಳುತ್ತಾರೆ: "ನಿಮ್ಮಪ್ಪ ತಾನಾಗೇ ನಿಲ್ಲದೇ ಇದ್ದಿದ್ದಲ್ಲಪ್ಪ. ನಮ್ ಮಾವನೋರು ನಿಲ್ಲಕ್ಕೇ ಬಿಡ್ತಿರ್ಲಿಲ್ಲ. ನಿಮ್ ಕೇರಿಯೋರು ಈ ಬೀದಿ ಒಳಗೆ ಕಾಲಿಡಂಗಿರ್ಲಿಲ್ಲ. ಒಂದ್ ದಿನ ಮಳ್ಯಾಗೆ ಈ ಸೂರಿನ ಕೆಳಗೆ ಬಂದು ನಿಂತಿದ್ದಕ್ಕೆ ಎಲ್ರ ಮುಂದೆ ಬೈದು ಓಡ್ಸಿದ್ರು. ನಾನು ಹೊಸಾ ಸೊಸೆ, ಕಿಟಕ್ಯಾಗಿಂದ ನೋಡಿದ್ದೆ. ಅದನ್ನ ಮಗನಿಗೆ ಹೆಂಗೆ ಹೇಳ್ಯಾನು? ಅದಕ್ಕೇ ಇಂಗೆ ಹೇಳ್ಯಾನೆ."

ಓಬಳೇಶ್ ನೆಲ ನೋಡುತ್ತಾರೆ. ನನಗೆ ಹಿಂದಿನ ದಿನ ನಾನು ಮೆಚ್ಚಿ ಬರೆದುಕೊಂಡ ಸಾಲು ನೆನಪಾಗಿ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದು. ಮರುಳಸಿದ್ದಮ್ಮ ಹೂವಿನ ಬುಟ್ಟಿಯನ್ನು ಆ ಕಡೆ ಸರಿಸಿ, ತಮ್ಮ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸುತ್ತಾರೆ. "ಮೇಲೆ ಬಾರಪ್ಪ. ಕುಂತ್ಕ. ಕುಂತ್ಕಂಡು ಇನ್ನೊಂದ್ಸಲ ಹೇಳು, ಇವ್ರಿಗೆ ಅರ್ಥ ಆಗಂಗೆ."

ಅವರು ಕೂರುತ್ತಾರೆ, ತುದಿಯಲ್ಲಿ, ಯಾವಾಗ ಬೇಕಾದರೂ ಏಳುವವರಂತೆ. ಒಬ್ಬರು ನೀರು ತಂದುಕೊಡುತ್ತಾರೆ. ಸಭೆಯಲ್ಲಿ ಯಾರಿರುತ್ತಾರೆ, ಮಾತಾಡಲು ಬಿಡುತ್ತಾರೋ ಇಲ್ಲವೋ, ಹೂ ಕಟ್ಟುವುದು ಬಿಟ್ಟು ಬಂದರೆ ಮಾರುಕಟ್ಟೆಯವರು ಸುಮ್ಮನಿರುತ್ತಾರೋ, ಹೆಂಗಸರ ಪ್ರಶ್ನೆಗಳು ಮುಗಿಯುವುದಿಲ್ಲ. ಅಲ್ಲಿಂದ ಎದ್ದು ಓಬಳೇಶ್ ದಿಣ್ಣೆಯ ಪ್ರತಿ ಬಾಗಿಲಿಗೂ ಹೋಗಿ ಹೇಳುತ್ತಾರೆ. ಎರಡು ಮನೆಯಲ್ಲಿ ಬೈಗುಳ ಸಿಗುತ್ತದೆ. ಒಂದರಲ್ಲಿ ಬಾಗಿಲೇ ತೆಗೆಯುವುದಿಲ್ಲ. ಅಲ್ಲಿ ಕಿಟಕಿಯ ಹತ್ತಿರ ನಿಂತು ಹೇಳಿ ಬರುತ್ತಾರೆ.

ಶನಿವಾರ ಸಮುದಾಯ ಭವನದಲ್ಲಿ ಸಭೆ ಶುರುವಾಗುವ ಹೊತ್ತಿಗೆ ತಗ್ಗಿನವರು ಮುಂದಿನ ಸಾಲುಗಳನ್ನೆಲ್ಲ ತುಂಬಿದ್ದಾರೆ. ದಿಣ್ಣೆಯವರ ಸುಳಿವಿಲ್ಲ. ಹೊರಗೆ ಆಟೋದ ಪಕ್ಕದಲ್ಲಿ ಓಬಳೇಶ್ ಬೀದಿಯ ಕಡೆ ನೋಡುವುದು, ಗಡಿಯಾರ ನೋಡುವುದು. ನಗರಸಭೆಯ ಇಂಜಿನಿಯರ್ ಉಷಾ ನಕ್ಷೆಯನ್ನು ಗೋಡೆಗೆ ಅಂಟಿಸಿ ಮಾತು ಆರಂಭಿಸುತ್ತಾರೆ. ಮಲ್ಲೇಶ್ ಎದ್ದು ತಂದೆಯ ಮಂಚದ ಕಥೆ ಹೇಳುತ್ತಾರೆ, ಕೂತವರೆಲ್ಲ ಹೌದು ಹೌದೆನ್ನುತ್ತಾರೆ. "ಬೇರೆ ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಉಷಾ ಕೇಳುವಾಗ ಸಭೆ ಸುಮ್ಮನಿದೆ. ಬಾಗಿಲಲ್ಲಿ ಇಣುಕುತ್ತಿದ್ದ ಓಬಳೇಶ್, "ಮೇಡಂ, ಒಂದ್ ನಿಮಿಷ ತಡೀರಿ, ಬರ್ತಾ ಅದಾರೆ," ಎನ್ನುತ್ತಾರೆ. ಮೈಕಿಲ್ಲದ ಆ ದನಿಗೂ ಸಭೆಯೆಲ್ಲ ತಿರುಗಿ ನೋಡುತ್ತದೆ.

ದಿಣ್ಣೆಯ ಹೆಂಗಸರು ಬಂದೇ ಬಂದರು, ಹೂವಿನ ಬುಟ್ಟಿಗಳ ಸಮೇತ. ಕುರ್ಚಿ ಸಿಗದೆ ನೆಲದ ಮೇಲೆ ಕೂತು, ಮಾತಾಡುತ್ತಲೇ ಹೂ ಕಟ್ಟಿದರು. ದೊಡ್ಡ ವಾದವೇ ಆಯಿತು. ನಿಮ್ಮ ಜಗಲಿಗಾಗಿ ನಾವು ಮುಳುಗಬೇಕೇ ಎಂದರು ತಗ್ಗಿನವರು. ನಿಮ್ಮ ಮನೆ ಉಳಿಸಲು ನಮ್ಮ ಅನ್ನ ಹೋಗಬೇಕೇ ಎಂದರು ದಿಣ್ಣೆಯವರು. ಬೀದಿಯ ನಡುವೆಯೇ ಅಗೆದು ಚರಂಡಿಯನ್ನು ರಸ್ತೆಯ ಕೆಳಗೆ ಒಯ್ಯಲಾಗದೇ ಎಂದು ಕೇಳಿದವರು ಮರುಳಸಿದ್ದಮ್ಮ. ಅಲ್ಲಿ ಕುಡಿಯುವ ನೀರಿನ ಕೊಳವೆಯಿದೆ, ಸುಲಭವಲ್ಲ, ಆದರೂ ಸೋಮವಾರ ಎರಡೂ ತುದಿಯವರ ಎದುರಿನಲ್ಲಿ ಮತ್ತೆ ಅಳತೆ ಮಾಡುತ್ತೇನೆ ಎಂದರು ಉಷಾ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಮಾತು ಅದು. ಸಭೆ ಮುಗಿಯಿತು, ಯಾರ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ಹೊರಬರುವಾಗ ಮಲ್ಲೇಶ್ ಆಕಾಶ ನೋಡುತ್ತಿದ್ದರು.

ಭಾನುವಾರ ಓಬಳೇಶ್ ಹಾರ್ನ್‌ಗಳ ದೂಳು ಒರೆಸುತ್ತಿದ್ದಾರೆ. ನಾಳಿನ ಅಳತೆಯ ಸುದ್ದಿಯನ್ನು ಇವತ್ತೇ ಸಾರಬೇಕು. ಜಗಲಿ ಉಳಿದೀತೇ ಎಂದು ಕೇಳಿದರೆ ಗೊತ್ತಿಲ್ಲವೆಂದು ತಲೆಯಾಡಿಸುತ್ತಾರೆ.

"ಅದೇ ಭಯ ನಂಗೆ. ತೀರ್ಮಾನ ಎಂಗಾದ್ರೂ ಆಗ್ಲಿ, ಹೇಳೋನು ನಾನೇ ಅಲ್ವೇನ್ರಿ. ಮಲ್ಲೇಶಣ್ಣಗೆ ಮನೆಗೆ ನೀರು ನುಗ್ತೈತೆ ಅಂತ್ಲಾದ್ರೂ ಹೇಳ್ಬೇಕು, ಆ ಹೆಂಗಸ್ರಿಗೆ ಜಗಲಿ ಹೋಗ್ತೈತೆ ಅಂತ್ಲಾದ್ರೂ ಹೇಳ್ಬೇಕು." ಬಟ್ಟೆಯನ್ನು ಹಿಂಡಿ ಆಟೋದ ಕಂಬಿಗೆ ಹಾಕುತ್ತಾರೆ. "ಹೋಗ್ತೈತೆ ಅಂತಾದ್ರೆ ಮೂಲ್ಯಾಗೆ ನಿಂತು ಹೇಳಲ್ಲ. ಆ ಜಗಲಿ ಮೇಲೆ ಹೋಗಿ ಕುಂತ್ಕಂಡು ಹೇಳ್ತೀನಿ. ನಮ್ಮಪ್ಪ ಸಾಯೋವರ್ಗೂ ನಿಂತ್ಕಂಡೇ ಸಾರಿದ."