ನುಣ್ಣಪ್ಪ ಗುಡ್ಡ ಬೋಳಿಸಿದ್ದು

ನುಣ್ಣಪ್ಪನ ಕೈಯಲ್ಲಿ ಗಡ್ಡ ತೆಗೆಸಿಕೊಂಡವನ ಕೆನ್ನೆಯ ಮೇಲೆ ನೊಣ ಕೂತರೆ ಜಾರಿ ಬೀಳುತ್ತದೆ ಎಂದು ಆ ಸುತ್ತಿನಲ್ಲಿ ಹೇಳುತ್ತಿದ್ದರು. ಅವನಿಗೆ ಆ ಹೆಸರು ಬಂದದ್ದೂ ಹಾಗೆಯೇ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಸಹಿ ಹಾಕುವಾಗ ಅವನೇ ಒಂದು ಕ್ಷಣ ಪೆನ್ನು ಎತ್ತಿ ಅದನ್ನು ನೆನಪಿಸಿಕೊಳ್ಳಬೇಕಾಗುತ್ತಿತ್ತು.

ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ಅವನ ಕಟಿಂಗ್ ಶಾಪು. ಎರಡು ತಿರುಗುವ ಕುರ್ಚಿ, ಗೋಡೆಗೆ ಒರಗಿದ ಒಂದು ಬೆಂಚು, ಈ ತುದಿಯಿಂದ ಆ ತುದಿಯವರೆಗೆ ಕನ್ನಡಿ. ಒಬ್ಬ ಗಿರಾಕಿ ಎದ್ದರೆ ಇನ್ನೊಬ್ಬ ಕೂರುವುದರೊಳಗೆ ನೆಲ ಗುಡಿಸಿ ಆಗಿರಬೇಕು. ಒಂದೇ ಒಂದು ಕೂದಲು ಕಣ್ಣಿಗೆ ಬಿದ್ದರೆ ಅವನಿಗೆ ಹಲ್ಲಿಗೆ ನಾರು ಸಿಕ್ಕಿಕೊಂಡಂತೆ. ಅಂಗಡಿಯ ಹಿಂದಿನ ಬಾಡಿಗೆ ಕೋಣೆಯೇ ಮನೆ. ಅಲ್ಲಿಯೂ ಸುಮ್ಮನಿರುವ ಪೈಕಿಯಲ್ಲ. ಚಾಪೆಯ ಅಂಚಿನಲ್ಲಿ ಎದ್ದ ನೂಲು, ಹೆಂಡತಿ ಡಬ್ಬದಲ್ಲಿ ಬೆಳೆಸಿದ ಗಿಡದ ಚಿಗುರು, ಎಲ್ಲದಕ್ಕೂ ಕತ್ತರಿ ಆಡಿಸುತ್ತಿದ್ದ.

"ರೀ, ನಿಮ್ಮ ಕೈಗೆ ಎಟುಕಿದ್ರೆ ಮೋಡದ ಅಂಚನ್ನೂ ಸಮ ಮಾಡ್ತೀರಿ," ಎನ್ನುತ್ತಿದ್ದಳು ಹೆಂಡತಿ.

"ಎಟುಕಲ್ವಲ್ಲ, ಅದೇ ಬೇಜಾರು," ಎನ್ನುತ್ತಿದ್ದ ಇವನು.

ಆ ಕೋಣೆಯ ಗೋಡೆಯಾಚೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಮೊದಲ ಬಸ್ಸು ಬಂದಾಗ ಪಾತ್ರೆ ಅಲುಗುತ್ತಿತ್ತು, ಕೊನೆಯ ಬಸ್ಸು ಹೋದ ಮೇಲೆ ಮಾತು ಶುರುವಾಗುತ್ತಿತ್ತು. ಮದುವೆಯಾದ ದಿನದಿಂದ ಹೆಂಡತಿ ದೇವರ ಮುಂದೆ ಕೈಮುಗಿದು ಕೇಳುತ್ತಿದ್ದದ್ದು ಒಂದೇ: ಹಾರನ್ ಕೇಳದ ಜಾಗದಲ್ಲಿ ಒಂದು ಮನೆ. ಅದನ್ನು ದೇವರು ನುಣ್ಣಪ್ಪನ ಅಕ್ಕನ ಬಾಯಿಂದ ಕೊಡಿಸಿದ.

ಅಕ್ಕ ಊರಾಚೆ ಗುಡ್ಡದ ಬುಡದಲ್ಲಿ ಇದ್ದಳು. ಬ್ರೆಡ್ಡು ಮಾಡಿ ಅಂಗಡಿಗಳಿಗೆ ಕೊಡುವುದು ಅವಳ ಕಸುಬು. ಮನೆಗೆ ಅಂಟಿಕೊಂಡೇ ಒಲೆಮನೆ. ಅದರೊಳಗೆ ಆನೆ ಮಲಗಿದಂಥ ಒಂದು ಇಟ್ಟಿಗೆಯ ಒಲೆ. ತೀರಿಕೊಂಡ ಭಾವ ಕೈಯಾರೆ ಕಟ್ಟಿದ್ದು. ಅದರ ಬುಡ ನೆಲದಿಂದ ಒಂದು ಮೆಟ್ಟಿಲು ಕೆಳಗಿತ್ತು. ಬಿಸಿ ಒಲೆಯ ಬುಡಕ್ಕೆ ನೀರು ನುಗ್ಗಿದರೆ ಬಿರುಕು ಬಿಟ್ಟೀತು, ಬಿರುಕು ಬಿಟ್ಟರೆ ಅಂಥದ್ದನ್ನು ಮತ್ತೆ ಕಟ್ಟುವ ಕೈ ಈಗಿಲ್ಲ. ಮನೆಯ ಮೇಲ್ಗಡೆಯ ಇಳಿಜಾರೂ ಅವಳದೇ. ಪೊದೆ, ಆಳೆತ್ತರದ ಹುಲ್ಲು ಬೆಳೆದು ಬಿದ್ದಿತ್ತು.

"ಸುಮ್ನೆ ಬಿದ್ದಿದೆ, ಅಲ್ಲೇ ಮನೆ ಕಟ್ಟಿಕೊಳ್ಳೋ," ಎಂದಳು ಅಕ್ಕ ಒಂದು ದಿನ, ಹಿಟ್ಟು ನಾದುತ್ತಾ. "ನಂಗೂ ಜೊತೆ ಆಗುತ್ತೆ. ಒಂದೇ ಮಾತು. ನಿನ್ನ ನೀರು ನನ್ನ ಒಲೆಮನೆಗೆ ಬರಬಾರದು."

"ನೀರು ಯಾಕಕ್ಕಾ ಬರುತ್ತೆ? ನೋಡ್ತಿರು, ಹೇಗೆ ನೀಟು ಮಾಡ್ತೀನಿ ಅಂತ."

ನೀಟು ಎಂಬ ಮಾತು ಅವನ ಬಾಯಿಂದ ಹೊರಟಾಗಲೇ ಯಾರಾದರೂ ಹಿಡಿದು ನಿಲ್ಲಿಸಬೇಕಿತ್ತು. ಯಾರೂ ನಿಲ್ಲಿಸಲಿಲ್ಲ.

ಜೆಸಿಬಿ ಬಂತು. ಮನೆಯ ಬುನಾದಿಗೆ ಎಷ್ಟು ಬೇಕೋ ಅಷ್ಟು ಜಾಗ ಕೆರೆದು ಕೊಟ್ಟರೆ ಸಾಕಿತ್ತು. ಆದರೆ ಅರ್ಧ ಬೋಳಿಸಿ ಅರ್ಧ ಬಿಡುವುದು ನುಣ್ಣಪ್ಪನ ಜನ್ಮಕ್ಕೇ ಒಗ್ಗದ ಕೆಲಸ. "ಪೂರ್ತಿ ತೆಗಿ," ಎಂದ. ಡ್ರೈವರು ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಬೇರಾದ್ರೂ ಬಿಡೋಣ್ವಾ ಅಣ್ಣ?"

"ಬೇರು ಬಿಟ್ರೆ ಸಂಜೆ ಹೊತ್ತಿಗೆ ಮತ್ತೆ ಚುಚ್ಚುತ್ತೆ."

ಗುಡ್ಡ ಬುಡದಿಂದ ನೆತ್ತಿಯವರೆಗೆ ನುಣ್ಣಗಾಯಿತು. ಸಾಲದ್ದಕ್ಕೆ ಮೇಲಿಂದ ಕೆಳಕ್ಕೆ, ಅಕ್ಕನ ಬಾಗಿಲಿಗೆ ಸರಿಯಾಗಿ, ಬೈತಲೆ ತೆಗೆದಷ್ಟು ನೇರವಾಗಿ ಒಂದು ದಾರಿಯನ್ನೂ ಎಳೆಸಿದ. ಎಲ್ಲ ಮುಗಿದ ಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನೋಡಿದ. ಹಿಂದಿನಿಂದ ಕನ್ನಡಿ ಹಿಡಿದು ಗುಡ್ಡಕ್ಕೆ ಅದರ ಕತ್ತಿನ ಅಂದ ತೋರಿಸುವುದೊಂದೇ ಬಾಕಿ ಇತ್ತು.

ಬುನಾದಿ ಎದ್ದಿತು. ಇಟ್ಟಿಗೆ ಬಂತು. ಆಮೇಲೆ ಒಂದು ಮಧ್ಯಾಹ್ನ ಮಳೆ ಬಂತು.

ಅಂಥ ಮಹಾಮಳೆಯೇನಲ್ಲ. ಪೊದೆ ಹುಲ್ಲು ಇದ್ದ ಕಾಲದಲ್ಲಿ ಅಂಥ ಮಳೆಗೆ ಅಕ್ಕ ಕಿಟಕಿಯನ್ನೂ ಮುಚ್ಚುತ್ತಿರಲಿಲ್ಲ. ಈಗ ತಡೆಯಲು ಒಂದು ಕಡ್ಡಿಯೂ ಇಲ್ಲದ ಮೇಲೆ ಗುಡ್ಡದ ನೀರೆಲ್ಲ ಬೈತಲೆ ದಾರಿಗೆ ಸೇರಿ, ಕೆಂಪು ಮಣ್ಣು ಕಲಸಿಕೊಂಡು, ನೆಂಟರ ಮನೆಗೆ ಬಂದಂತೆ ನೇರ ಅಕ್ಕನ ಬಾಗಿಲಿಗೆ ಬಂತು. ಅಕ್ಕನ ಕೈಗೆ ಸಿಕ್ಕಿದ್ದು ಹಿಟ್ಟಿನ ಮೂಟೆ. ಒಲೆಮನೆಯ ಹೊಸ್ತಿಲಿಗೆ ಅದನ್ನೇ ಅಡ್ಡ ಎಳೆದಳು, ಅದರ ಮೇಲೆ ಇನ್ನೊಂದು. ನೀರು ಮೂಟೆಗೆ ಇಳಿಯಿತು, ಹಿಟ್ಟು ಅಂಟಾಯಿತು, ಅಂಟು ಸಂದುಗೊಂದನ್ನೆಲ್ಲ ಮೆತ್ತಿ ಮುಚ್ಚಿತು. ಒಲೆ ಉಳಿಯಿತು. ನುಣ್ಣಪ್ಪ ಏದುಸಿರು ಬಿಡುತ್ತಾ ಓಡಿಬಂದಾಗ ಹೊಸ್ತಿಲ ಮೇಲೆ ಹೋರಿಯಷ್ಟು ದೊಡ್ಡ ಹಸಿ ಬ್ರೆಡ್ಡು ಬಿದ್ದಿತ್ತು. ಅದರ ಹಿಂದೆ ಹುಬ್ಬಿನವರೆಗೂ ಬೆಳ್ಳಗಾದ ಅಕ್ಕ ನಿಂತಿದ್ದಳು.

"ನೀಟಾಗಿದೆ ಕಣೋ," ಎಂದಳು.

ನುಣ್ಣಪ್ಪ ಬಗ್ಗಿ ಆ ಅಂಟಿಗೆ ಕೈ ಹಾಕಿದ.

"ಕೇಳಿಸ್ಕೋ. ಬುನಾದಿ ಮೇಲೆ ಒಂದು ಇಟ್ಟಿಗೆ ಇಡಬೇಡ. ಮುಂದಿನ ಜೋರು ಮಳೆ ಬರ್ಲಿ. ಅವತ್ತು ನನ್ನ ಒಲೆಮನೆ ನೆಲ ಒಣಗಿದ್ರೆ ಮನೆ ಕಟ್ಟು. ಒದ್ದೆ ಆದ್ರೆ ಇಟ್ಟಿಗೆ ಎಲ್ಲ ಲಾರಿಗೆ ತುಂಬ್ಕೊಂಡು ಹೊರಡು. ಆಗ್ಲೂ ನಾನು ನಿನ್ನ ಅಕ್ಕನೇ. ಆದ್ರೆ ಇಷ್ಟು ಹತ್ರದ ಅಕ್ಕ ಬೇಡ."

ಬಸ್ಸಿನ ಹಾರನ್ನು ಅವತ್ತು ಗಂಡ ಹೆಂಡಿರಿಗೆ ಎಂದಿಗಿಂತ ಜೋರಾಗಿ ಕೇಳಿಸಿತು.

ರಸ್ತೆ ಇಂಜಿನಿಯರು ಅವನ ಖಾಯಂ ಗಿರಾಕಿ. ಊರೂರು ಸುತ್ತಿ ಮೋರಿ, ಚರಂಡಿ, ರಸ್ತೆ ಮಾಡಿಸುವ ಮನುಷ್ಯ. ನೀರಿನ ವಿಷಯ ಬಂದರೆ ಮಾತಿಗೆ ಕಡಿವಾಣವಿಲ್ಲ. ನುಣ್ಣಪ್ಪ ಅವರ ಮುಖಕ್ಕೆ ನೊರೆ ಹಚ್ಚುತ್ತಾ ತನ್ನ ಕಥೆ ಹೇಳಿಕೊಂಡ. ಅವರು ನಗಲು ಹೊರಟರು. ಕತ್ತಿ ಗಂಟಲ ಹತ್ತಿರ ಇದ್ದುದರಿಂದ ಹೊಟ್ಟೆಯಲ್ಲೇ ನಕ್ಕರು. ಕುರ್ಚಿ ಅಲುಗಿತು.

"ಅಲ್ರೀ, ನೀರಿಗೆ ನೀವು ಜಾರುಬಂಡೆ..."

"ಮೇಲ್ತುಟಿ ಸಾರ್, ಮಾತಾಡಬೇಡಿ."

ಕತ್ತಿ ಮೇಲ್ತುಟಿ ದಾಟಿತು. "...ಮಾಡಿ ಕೊಟ್ಟಿದೀರಿ. ಹುಲ್ಲು ಇದ್ದಿದ್ರೆ ನೀರು ಅಲ್ಲಲ್ಲಿ ನಿಂತು, ಇಂಗಿ, ಉಳಿದದ್ದು ಮೆಲ್ಲಗೆ ಇಳೀತಿತ್ತು. ಅದನ್ನ ಕೆಳಗೆ ತಡೆಯೋದಲ್ಲ, ಮೇಲೇ ನಿಧಾನ ಮಾಡ್ಬೇಕು. ಇಳಿಜಾರಿಗೆ ಅಡ್ಡಡ್ಡ ಕಾಲುವೆ ತೋಡಿ. ತೋಡಿದ ಮಣ್ಣು ಕೆಳಗಿನ ಅಂಚಿಗೆ ಏರಿ ಹಾಕಿ, ಏರಿ ಮೇಲೆ..."

"ಗದ್ದ ಸಾರ್."

"...ಹುಲ್ಲು ನೆಡಿ. ಆ ನೇರ ದಾರಿ ಮೊದಲು ಮುಚ್ಚಿ, ಸೊಟ್ಟಗೆ ಬಳಸಿ ಬರೋ ಹಾಗೆ ಮಾಡಿ. ಚಾವಣಿ ನೀರಿಗೆ ಒಂದು ಇಂಗುಗುಂಡಿ. ಹೆಚ್ಚಾದ ನೀರು ಪಕ್ಕದ ಹಳ್ಳಕ್ಕೆ ಹೋಗ್ಲಿ. ಹೋಗೋ ಜಾಗದಲ್ಲಿ ಕಲ್ಲು ಹಾಸಿ, ಇಲ್ಲಾಂದ್ರೆ ಅಲ್ಲೂ ಕೊರೆಯುತ್ತೆ. ಒಟ್ಟಿನಲ್ಲಿ ನಿಮ್ಮ ಗುಡ್ಡಕ್ಕೆ ಗಡ್ಡ ಬೇಕು ಮಾರಾಯ್ರೇ."

ನುಣ್ಣಪ್ಪನ ಕೈ ಗಾಳಿಯಲ್ಲೇ ನಿಂತಿತು. ಜೀವಮಾನದಲ್ಲಿ ಅವನಿಗೆ ಇಂಥ ಸಲಹೆಯನ್ನು ಯಾರೂ ಕೊಟ್ಟಿರಲಿಲ್ಲ, ಅದೂ ಅವನ ಕುರ್ಚಿಯಲ್ಲೇ ಕೂತು.

ಗಂಡ ಹೆಂಡಿರು ಅಂಗಡಿ ಮುಚ್ಚಿದ ಹೊತ್ತಿನಲ್ಲೆಲ್ಲ ಗುಡ್ಡ ಹತ್ತಿದರು. ಕಾಲುವೆ ಮಟ್ಟವಾಗಿದೆಯೇ ಎಂದು ನೋಡಲು ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ಇವನು, ಇನ್ನೊಂದು ತುದಿ ಅವಳು ಹಿಡಿದು ನಿಲ್ಲುತ್ತಿದ್ದರು. "ಮೇಲೆ." "ಕೆಳಗೆ." "ಅಷ್ಟಲ್ಲ ರೀ." ಗುದ್ದಲಿ ಹಿಡಿದು ಅಂಗೈ ಬೊಬ್ಬೆ ಎದ್ದ ಮೇಲೆ ಗಿರಾಕಿಗಳ ಕೆನ್ನೆಗೆ ಅವನ ಕೈ ಮರಳುಕಾಗದದಂತೆ ತಾಗಿ, ನುಣ್ಣಪ್ಪ ಎಂದು ಕರೆಯಲು ಜನ ಹಿಂದೆಮುಂದೆ ನೋಡತೊಡಗಿದರು. ಹಳ್ಳದಂಚಿನಿಂದ ಬೇರು ಮಣ್ಣು ಸಮೇತ ಹುಲ್ಲಿನ ಹೆಂಟೆ ತಂದು ಏರಿಗಳ ಮೇಲೆ ನೆಟ್ಟರು. ಬೈತಲೆ ದಾರಿಯನ್ನು ಮುಚ್ಚಿ, ಹಾವಿನ ಹಾಗೆ ಬಳಸು ದಾರಿ ಮಾಡಿದರು. ನೇರವಾದದ್ದನ್ನು ಕೈಯಾರೆ ಸೊಟ್ಟ ಮಾಡುವಾಗ ನುಣ್ಣಪ್ಪ ಆ ಕಡೆ ಮುಖ ತಿರುಗಿಸಿಕೊಂಡ. ಸಿಮೆಂಟು ಇಡುವ ಷೆಡ್ಡಿನ ತಗಡಿನಂಚಿಗೆ ನೀರು ಹರಿಯುವ ದೋಣಿ ಕಟ್ಟಿ, ಅದರ ನೀರನ್ನು ಕಲ್ಲು ತುಂಬಿದ ಗುಂಡಿಗೆ ಬಿಟ್ಟರು.

ಹುಲ್ಲು ಚಿಗುರಿತು. ಕಷ್ಟ ಶುರುವಾದದ್ದು ಆಗಲೇ. ಒಂದು ಕಡ್ಡಿ ಉದ್ದ, ಒಂದು ಗಿಡ್ಡ, ಒಂದು ಎಡಕ್ಕೆ, ಒಂದು ಬಲಕ್ಕೆ. ನುಣ್ಣಪ್ಪನ ಬೆರಳು ತುರಿಸುತ್ತಿದ್ದವು. ಹೆಂಡತಿ ಗುಡ್ಡ ಹತ್ತುವ ಮೊದಲು ಕತ್ತರಿ ಇದೆಯೇ ಎಂದು ಅವನ ಜೇಬು ತಡಕುತ್ತಿದ್ದಳು.

"ನಂಬಿಕೆ ಇಲ್ವಾ ನನ್ನ ಮೇಲೆ?"

"ದೇವರ ಮೇಲಿದೆ. ನಿಮ್ಮ ಮೇಲೆ ಇಲ್ಲ."

ಮಳೆಯ ವಿಷಯದಲ್ಲೂ ಇಬ್ಬರ ಬೇಡಿಕೆ ಬೇರೆ. ಇನ್ನೂ ಸ್ವಲ್ಪ ಬೇರಿಳಿಯಲಿ, ಆಮೇಲೆ ಬರಲಿ ಎಂದು ಅವನು. ನಾಳೆಯೇ ಬರಲಿ, ಬಂದು ಇತ್ಯರ್ಥವಾಗಲಿ ಎಂದು ಅವಳು. ದೀಪದ ಮುಂದೆ ಅಕ್ಕಪಕ್ಕ ಕೂತು ಕಣ್ಣು ಮುಚ್ಚಿದಾಗ ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಗೊತ್ತಿರುತ್ತಿತ್ತು. ಮೇಲಿರುವವನಿಗೆ ಅವರಿಬ್ಬರ ಮೇಲೂ ಪ್ರೀತಿ ಇದ್ದಿರಬೇಕು. ಸ್ವಲ್ಪ ದಿನ ಗಂಡನ ಮಾತು ನಡೆಸಿ, ಆಮೇಲೆ ಹೆಂಡತಿಯ ಮಾತು ನಡೆಸಿದ.

ಒಂದು ದಿನ ಇಂಜಿನಿಯರ ಎಡಗೆನ್ನೆ ಮುಗಿದು ಬಲಗೆನ್ನೆಗೆ ಕತ್ತಿ ತಾಗಿಸುವಾಗ ಅಂಗಡಿಯೊಳಗೆ ಕತ್ತಲಾಯಿತು. ಆಕಾಶ ಒಡೆದು ಬಿತ್ತು. ಬಸ್ಸಿಗೆ ಕಾದಿದ್ದವರೆಲ್ಲ ಒಳಗೆ ನುಗ್ಗಿದರು. ನುಣ್ಣಪ್ಪ ಕತ್ತಿ ಮಡಿಸಿದ.

"ಸಾರ್, ನಾನು ಹೋಗ್ಬೇಕು."

"ನಾನೂ ಬರ್ತೀನಿ, ನಡೀರಿ," ಎಂದು ಇಂಜಿನಿಯರು ಎದ್ದೇಬಿಟ್ಟರು. ಕೊರಳಿಗೆ ಬಟ್ಟೆ, ಅರ್ಧ ಮುಖಕ್ಕೆ ನೊರೆ. ಹಿಂದಿನ ಕೋಣೆಯಿಂದ ಹೆಂಡತಿ ಗುದ್ದಲಿ ಹಿಡಿದೇ ಬಂದಳು. ಮೂವರೂ ಇಂಜಿನಿಯರ ಜೀಪು ಹತ್ತಿದರು. ಗಾಜಿನ ಮೇಲಿನ ನೀರನ್ನು ಒರೆಸುವ ಕಡ್ಡಿ ಕೆಟ್ಟಿತ್ತು. ಹೆಂಡತಿ ಕಿಟಕಿಯಿಂದ ಕೈ ಹೊರಹಾಕಿ, ಗಂಡನ ಹೆಗಲ ಮೇಲಿದ್ದ ಟವೆಲಿನಿಂದ ಗಾಜು ಒರೆಸುತ್ತಾ, "ಎಡಕ್ಕೆ ಸಾರ್, ಹಸು ಇದೆ, ಬಲಕ್ಕೆ ಸಾರ್, ಅದೂ ಹಸುವೇ" ಎಂದು ದಾರಿ ತೋರಿಸಿದಳು. ಇಂಜಿನಿಯರ ಕಣ್ಣಿಗೆ ನೊರೆ ಇಳಿದು, ಕೊನೆಯ ತಿರುವನ್ನು ಅವರು ಒಂದೇ ಕಣ್ಣಿನಲ್ಲಿ ದಾಟಿದರು.

ಗುಡ್ಡದಲ್ಲಿ ನೀರು ಇಳಿಯುತ್ತಿತ್ತು. ಮೇಲಿನ ಕಾಲುವೆಗೆ ಬಂದು, ತುಂಬಿ, ಹುಲ್ಲಿಗೆ ಸಿಕ್ಕಿಕೊಂಡು, ಯಾವ ಕಡೆ ಹೋಗಲಿ ಎಂದು ಯೋಚಿಸುವಂತೆ ತಡೆದು, ಹಳ್ಳದ ಕಡೆಗೆ ಹೊರಳಿತು. ಇಂಗುಗುಂಡಿ ಗಳಗಳ ಕುಡಿಯುತ್ತಿತ್ತು. "ಹೋಗ್ತಾ ಇದೆ, ಹೋಗ್ತಾ ಇದೆ," ಎಂದು ನುಣ್ಣಪ್ಪ ಕುಣಿಯುವುದೊಂದು ಬಾಕಿ. ಕೆಳಗೆ ಒಲೆಮನೆಯ ಬಾಗಿಲಲ್ಲಿ ಅಕ್ಕ ಎದೆಯ ಮೇಲೆ ಕೈಕಟ್ಟಿ ನಿಂತಿದ್ದಳು. ಹಿಂದೆ ಹಿಟ್ಟಿನ ಮೂಟೆಗಳು ಸಿದ್ಧವಾಗಿದ್ದವು.

ಆಗ ಕೆಳಗಿನ ಏರಿ ಒಂದು ಕಡೆ ಉಬ್ಬಿ, ಕುಸಿದು, ಮೊಳದಗಲ ಬಾಯಿ ಬಿಟ್ಟಿತು. ನೀರು ಅಕ್ಕನ ಬಾಗಿಲ ದಿಕ್ಕಿಗೆ ಹಾರಿತು.

"ಅಲ್ಲೊಂದೇ ಕಡೆ ಯಾಕೆ ಹುಲ್ಲು ಇಲ್ಲ?" ಎಂದು ಇಂಜಿನಿಯರು ಕೂಗಿದರು.

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಕಾಲ ಹೆಬ್ಬೆರಳು ನೋಡಿಕೊಂಡ. "ಒಬ್ಬನೇ ಬಂದ ದಿನ ತುದಿ ಮಾತ್ರ ಸಮ ಮಾಡೋಣ ಅಂತ ಹೋದೆ. ಒಂದು ಕಡೆ ಹೆಚ್ಚಾಯ್ತು, ಆ ಕಡೆನೂ ತೆಗೆದೆ. ಕೊನೆಗೆ ಬುಡಾನೇ ಬಂತು," ಎಂದ.

ಬೈಯಲು ಹೊತ್ತಿರಲಿಲ್ಲ. ನುಣ್ಣಪ್ಪ ಓಡಿಹೋಗಿ ಆ ಬಾಯಿಯಲ್ಲಿ ಕೂತುಬಿಟ್ಟ. ಕೂತದ್ದೇನೋ ಸರಿ, ಆದರೆ ಅವನ ಗಾತ್ರ ಸಾಲಲಿಲ್ಲ. ಪಕ್ಕದಲ್ಲಿ ನೀರು ಚಿಮ್ಮಿತು. ಇಂಜಿನಿಯರು ಒಂದು ಕ್ಷಣ ಆಕಾಶ ನೋಡಿ, ಬಟ್ಟೆ ಎತ್ತಿಕಟ್ಟಿ, ಅವನ ಪಕ್ಕ ಬಂದು ಒತ್ತಿ ಕೂತರು. ನೀರು ಇಬ್ಬರ ಬೆನ್ನಿಗೆ ಗುದ್ದಿ, ಸುತ್ತಿ, ಬೇರೆ ದಾರಿಯಿಲ್ಲದೆ ಕಾಲುವೆಗೇ ಮರಳಿತು. ಹೆಂಡತಿ ಹಳ್ಳದಂಚಿನಿಂದ ಹೆಂಟೆ ಕಿತ್ತು ತಂದು, ಇಬ್ಬರ ಮುಂದೆ ಪೇರಿಸಿ ಗುದ್ದಲಿಯ ಹಿಂಬದಿಯಿಂದ ಬಡಿದಳು. ಒಂದೆರಡು ಏಟು ಗಂಡನ ಮೊಣಕಾಲಿಗೂ ಬಿದ್ದವು. ತಪ್ಪಿ ಬಿದ್ದವು ಎಂದೇ ಅವಳು ಇವತ್ತಿಗೂ ಹೇಳುತ್ತಾಳೆ.

ಅಕ್ಕ ಮೂಟೆಗೆ ಕೈ ಹಾಕಿದವಳು ಬಿಟ್ಟಳು. ಮಳೆಯಲ್ಲೇ ಬಳಸು ದಾರಿ ಹತ್ತಿ ಬಂದಳು. ಕೆಸರಿನಲ್ಲಿ ಕೋಳಿ ಕಾವಿಗೆ ಕೂತಂತೆ ಕೂತ ತಮ್ಮನನ್ನು ನೋಡಿದಳು. ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಮುಳ್ಳಾದ ಆ ದೊಡ್ಡ ಮನುಷ್ಯರನ್ನು ನೋಡಿದಳು.

"ಪ್ರತಿ ಮಳೆಗೂ ಹೀಗೇ ಬಂದು ಕೂರ್ತೀಯೇನೋ?"

"ಇಲ್ಲೇ ಮನೆ ಇದ್ರೆ ಬೇಗ ಬಂದು ಕೂರಬಹುದು ಅಕ್ಕಾ," ಎಂದ ನುಣ್ಣಪ್ಪ.

ಅಕ್ಕನಿಗೆ ತಡೆಯಲಾಗಲಿಲ್ಲ. ನಗು ಹೊಟ್ಟೆಯಿಂದ ಬಂತು. ಹೆಂಡತಿಯ ಕೈಯಿಂದ ಗುದ್ದಲಿ ಜಾರಿತು. ಇಂಜಿನಿಯರು ಏಳಲು ಹೋಗಿ ಜಾರಿ ಮತ್ತೆ ಕೂತರು, ಏರಿಗೆ ಅದೂ ಒಳ್ಳೆಯದೇ ಆಯಿತು. ನಾಲ್ವರೂ ಮಳೆಯಲ್ಲಿ ಬಾಯಿಗೆ ನೀರು ಹೋಗುವಷ್ಟು ನಕ್ಕರು.

ಹೆಂಟೆಗಳು ನಿಂತವು. ಅಕ್ಕ ಇಳಿದು ಹೋಗಿ, ಒಲೆಮನೆಯ ನೆಲಕ್ಕೆ ಅಂಗೈ ಒತ್ತಿ ನೋಡಿದಳು. ಒಲೆಯ ಸುತ್ತಲೂ ನೋಡಿದಳು, ಬುಡದ ಮೆಟ್ಟಿಲಲ್ಲಿ ಬಗ್ಗಿ ನೋಡಿದಳು. ಮೇಲೆ ಗಂಡ ಹೆಂಡಿರು ಒಲೆಮನೆಯ ಬಾಗಿಲನ್ನೇ ನೋಡುತ್ತಾ ನಿಂತಿದ್ದರು. ಬಹಳ ಹೊತ್ತು ಅವಳು ಹೊರಗೆ ಬರಲೇ ಇಲ್ಲ. ಹೆಂಡತಿಯ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

ಒಲೆಮನೆಯ ಚಿಮಣಿಯಿಂದ ಹೊಗೆ ಎದ್ದಿತು. ಆಮೇಲೆ ಅಕ್ಕ ಬಾಗಿಲಿಗೆ ಬಂದು ಬಾಯಿಗೆ ಎರಡೂ ಕೈ ಹಿಡಿದು ಕೂಗಿದಳು.

"ಅಡುಗೆಮನೆ ಕಿಟಕಿ ನನ್ನ ಕಡೆಗೇ ಇರ್ಲಿ ಕಣೇ. ಕೂಗಿದ್ರೆ ಕೇಳಿಸ್ಬೇಕು."

ಹೆಂಡತಿ ಬುನಾದಿಯ ಒಳಗೆ ಇಳಿದು, ಮೊಣಕಾಲುದ್ದ ನಿಂತ ನೀರಿನಲ್ಲಿ ನಡೆಯುತ್ತಾ, ಒಲೆ ಇಲ್ಲಿ, ಕಿಟಕಿ ಇಲ್ಲಿ ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸತೊಡಗಿದಳು. ನುಣ್ಣಪ್ಪ ಅವಳ ಹಿಂದೆ ಹಿಂದೆ ಹೋಗುತ್ತಾ, ಅವಳು ತೋರಿಸಿದ ಜಾಗಕ್ಕೆಲ್ಲ ಒಂದೊಂದು ಇಟ್ಟಿಗೆ ಇಟ್ಟ.