ಹೊರಠಾಣೆ ಕೇಳಿ ಪಡೆದ ಅಳತೆಯಕ್ಕ

ಅಳತೆಯಕ್ಕನ ಮುಖ ನೋಡುವ ಮೊದಲೇ ನಾಲ್ಕು ವರ್ಷ ನಾನು ಅವರ ಮೇಲೆ ಕನಿಕರ ತೋರಿಸಿದ್ದೇನೆ. ತೋರಿಸಿದ್ದು ಫೋನಿನಲ್ಲಿ.

ನಮ್ಮ ಕಚೇರಿಯ ಕೆಲಸ ನದಿಯ ನೀರಿನ ಮಟ್ಟ ಅಳೆಯುವುದು. ಅಳೆಯುವವರು ನಾವಲ್ಲ. ನದಿ ಎಲ್ಲಿದೆಯೋ ಅಲ್ಲಿ ಯಾರೋ ಅಳೆಯುತ್ತಾರೆ, ನಾವು ಪಟ್ಟಣದಲ್ಲಿ ಫ್ಯಾನಿನ ಕೆಳಗೆ ಕೂತು ಬರೆದುಕೊಳ್ಳುತ್ತೇವೆ. ನದಿ ಗುಡ್ಡಗಳಿಂದ ಬಯಲಿಗೆ ಇಳಿಯುವ ಕಡೆ ನಮ್ಮದೊಂದು ಹೊರಠಾಣೆ ಇದೆ. ಅಲ್ಲಿಂದ ದಿನಾ ಬೆಳಿಗ್ಗೆ ಎಂಟೂ ಹತ್ತಕ್ಕೆ ಒಂದು ಹೆಂಗಸಿನ ದನಿ ಬರುತ್ತಿತ್ತು. ಅಡಿ, ಅಂಗುಲ, ಅಷ್ಟೇ. ನಾನು ಬರೆದುಕೊಂಡು, "ಧೈರ್ಯವಾಗಿರಿ ಅಕ್ಕಾ, ಕಾಲ ಹೀಗೇ ಇರಲ್ಲ" ಅನ್ನುತ್ತಿದ್ದೆ. ಆ ಕಡೆಯಿಂದ ಒಂದೇ ಉತ್ತರ: "ಅಂಕಿ ತಿರುಗಿ ಓದಿ."

ಏನೋ ಮಾಡಬಾರದ್ದು ಮಾಡಿ ಅಲ್ಲಿಗೆ ಹೋಗಿದ್ದಾರೆ ಎಂದು ನಾನು ಖಚಿತವಾಗಿ ನಂಬಿದ್ದೆ. ತಪ್ಪು ನನ್ನದಲ್ಲ, ಆ ಪದದ್ದು. ನಿಯಮಾವಳಿಯ ಪುಸ್ತಕ ತೆಗೆದರೆ ಹೊರಠಾಣೆ ಎಂದರೆ 'ಕೇಂದ್ರ ಕಚೇರಿಯಿಂದ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದು, ಅದರ ಆಜ್ಞೆಗೆ ಒಳಪಟ್ಟ ನೆಲೆ'. ಓದಿದರೆ ಏನೋ ಗಾಂಭೀರ್ಯವಿದೆ. ಬಳಕೆಯಲ್ಲಿ ಅದಕ್ಕಿರುವ ಮರ್ಯಾದೆ ಬೇರೆ. ತಡವಾಗಿ ಬಂದ ಗುಮಾಸ್ತನಿಗೆ ನಮ್ಮ ಮೇಲ್ವಿಚಾರಕರು ಮೆಮೋ ಕೊಡುತ್ತಿರಲಿಲ್ಲ, ಗೋಡೆಯ ನಕಾಶೆಯನ್ನು ಒಮ್ಮೆ ನೋಡಿ, "ಹೊರಠಾಣೇಲಿ ಗಾಳಿ ಚೆನ್ನಾಗಿದೆಯಂತೆ" ಅನ್ನುತ್ತಿದ್ದರು. ಮರುದಿನ ಅವನು ಬಾಗಿಲು ತೆಗೆಯುವವನಿಗಿಂತ ಮೊದಲೇ ಹಾಜರು. ಉತ್ತರ ಬರೆಯಲು ಇಷ್ಟವಿಲ್ಲದ ಪತ್ರಗಳಿಗೊಂದು ತಟ್ಟೆ ಇತ್ತು, ಅದರ ಹೆಸರೂ ಹೊರಠಾಣೆಯೇ. ನಮ್ಮ ಮನೆಗೂ ಈ ಪದ ನನ್ನ ಜೊತೆ ಬಂದು ಸೇರಿತು. ನಾನು ಬರೆಯಲು ಕೂರುವ ಹಿತ್ತಲ ಕೋಣೆಯನ್ನು ನನ್ನಾಕೆ ಬಂದವರಿಗೆ ತೋರಿಸುವುದೇ ಹೀಗೆ: "ಅದು ಹೊರಠಾಣೆ. ಅಲ್ಲಿಂದ ಇದುವರೆಗೆ ಏನೂ ಬಂದಿಲ್ಲ."

ಹೀಗಿರುವಾಗ ಅಳತೆಯಕ್ಕನ ಅರ್ಜಿ ಮೇಜಿಗೆ ಬಂತು. ಹೊರಠಾಣೆಯ ಅವಧಿ ಮೂರು ವರ್ಷ. ಇವರು ಆರು ವರ್ಷ ಮುಗಿಸಿ, ಇನ್ನೂ ಮೂರು ವರ್ಷ ಅಲ್ಲೇ ಇರಲು ಅನುಮತಿ ಕೇಳಿದ್ದರು. ಮೊದಲ ಸಲವೂ ಅವರೇ ಕೇಳಿಕೊಂಡು ಹೋದದ್ದು ಎಂದು ಹಳೆಯ ಫೈಲು ಹೇಳಿತು. ನನ್ನ ನಾಲ್ಕು ವರ್ಷದ ಕನಿಕರ ದಂಡವಾಯಿತಲ್ಲ ಎಂದು ನನಗೆ ಸಂಕಟ. ಕಚೇರಿಗೆ ಅನುಮಾನ. ಜೈಲಿನಲ್ಲಿರುವವನು ಇನ್ನೂ ಮೂರು ವರ್ಷ ಇಲ್ಲೇ ಇಡಿ ಎಂದರೆ ಜೈಲರು ಮೊದಲು ಗೋಡೆ ತಟ್ಟಿ ನೋಡುವುದಿಲ್ಲವೇ?

"ಏನೋ ಇದೆ ಕಣ್ರೀ," ಎಂದರು ಮೇಲ್ವಿಚಾರಕರು. "ಏನೂ ಇಲ್ದೆ ಯಾರಾದ್ರೂ ಹೊರಠಾಣೆ ಕೇಳ್ತಾರಾ?"

"ಮರಳು ಕದಿಯೋರ ಕೈ ಇರಬಹುದು," ಎಂದ ಟೈಪಿಸ್ಟು.

"ನಿಧಿ ಸಿಕ್ಕಿರಬಹುದು," ಎಂದ ಜವಾನ. ಅವನಿಗೆ ಎಲ್ಲದರಲ್ಲೂ ನಿಧಿಯೇ.

ಟೆಲಿಫೋನ್ ಕಚೇರಿಯಿಂದ ಕರೆಗಳ ಪಟ್ಟಿ ತರಿಸಿದರು. ಅಲ್ಲಿ ಸಿಕ್ಕಿತು ಹುಳುಕು. ಎಂಟೂ ಹತ್ತಕ್ಕೆ ನಮಗೆ ಫೋನು ಮಾಡಿದ ಮೇಲೆ, ಎಂಟೂ ಹದಿನೈದಕ್ಕೆ ಇನ್ನೊಂದು ಕರೆ. ಒಂದೇ ನಂಬರು, ದಿನಾ, ಒಂದೇ ನಿಮಿಷ. ಅಳತೆಯ ವಿಷಯ ಕಚೇರಿಗೆ ಬಿಟ್ಟು ಬೇರೆಯವರಿಗೆ ಹೇಳಬಾರದೆಂದು ನಿಯಮವಿದೆ. ಅದೊಂದು ಸಾಬೀತಾದರೆ ಅರ್ಜಿ ವಜಾ, ಠಾಣೆ ಖಾಲಿ, ಅಕ್ಕ ವಾಪಸ್ಸು ಪಟ್ಟಣಕ್ಕೆ, ನಕಲು ಮಾಡುವ ಮೇಜಿಗೆ. ತಪಾಸಣೆಯ ಸಾಹೇಬರು ಹೊರಟರು. ದಾಖಲೆ ಪುಸ್ತಕ ಹೊತ್ತುಕೊಂಡು ಬರಲು ನನ್ನನ್ನು ಕರೆದರು.

ಇಲ್ಲಿ ನಮ್ಮ ಕಚೇರಿಯ ಪದ್ಧತಿಯೊಂದನ್ನು ಹೇಳದೆ ವಿಧಿಯಿಲ್ಲ. ಬಂದ ಅಂಕಿಗಳಿಂದ ನಾವು ಒಂದು ಗೆರೆ ಎಳೆಯುತ್ತೇವೆ, ಅದು ದೊಡ್ಡ ಸಾಹೇಬರ ಕೋಣೆಯ ಗೋಡೆಯ ಮೇಲೆ ಇರುತ್ತದೆ. ಗೆರೆ ನಾಜೂಕಾಗಿರಬೇಕು. ಒಂದೇ ದಿನದಲ್ಲಿ ಒಂದಡಿಗಿಂತ ಹೆಚ್ಚು ಏರುವ ನದಿ ಅಶಿಸ್ತಿನ ನದಿ ಎಂಬುದು ಮೇಲ್ವಿಚಾರಕರ ಸಿದ್ಧಾಂತ. ಅಂಥ ಅಂಕಿ ಬಂದರೆ ಅದನ್ನು ಮೂರು ದಿನಕ್ಕೆ ಹಂಚಿ, ಮೆಟ್ಟಿಲು ಹತ್ತಿದ ಹಾಗೆ ಬರೆಯಬೇಕು. ಇದಕ್ಕೆ 'ನಯಗೊಳಿಸುವುದು' ಎನ್ನುತ್ತಿದ್ದೆವು. ನಯಗೊಳಿಸುವುದರಲ್ಲಿ ನನ್ನ ಕೈ ಪಳಗಿತ್ತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಜೀಪು ಹತ್ತುವವರೆಗೆ.

ಠಾಣೆ ಎಂದರೆ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮೇಜು, ಫೋನು, ಮೊಳೆಗೆ ನೇತುಹಾಕಿದ ದಪ್ಪ ಪುಸ್ತಕ. ಹಿಂದಿನ ಕೋಣೆಯಲ್ಲಿ ಸಂಸಾರ. ಗಂಡ ಬಡಗಿ, ಕೆಳಗಿನ ಹಳ್ಳಿಯಲ್ಲಿ ಯಾರದೋ ಬಾಗಿಲಿಗೆ ಚೌಕಟ್ಟು ಕೂರಿಸಲು ಹೋಗಿದ್ದ. ಅಂಗಳದಿಂದ ನದಿಗೆ ಅರವತ್ತೆರಡು ಮೆಟ್ಟಿಲು, ಕೊನೆಯಲ್ಲಿ ನೀರಿನೊಳಗೆ ನಿಂತ ಅಳತೆಯ ಹಲಗೆ. ಅಕ್ಕ ಇಳಿದು ಅದನ್ನು ನೋಡುವುದು ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ. ಅಂಕಿಗಳ ಬಣ್ಣ ಹೊಸದು. ಅದು ಗಂಡನ ಕೈಕೆಲಸ.

ಜಗುಲಿಯ ಮೇಲೆ ಕೂತಿದ್ದ ಅಕ್ಕನ ಅತ್ತೆ ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಏನು ಮಾರ್ತೀರಿ?"

"ನಾವು ತಪಾಸಣೆಗೆ ಬಂದವರು, ಅಜ್ಜೀ," ಎಂದರು ಸಾಹೇಬರು, ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತ.

"ಅದು ಬೇಡ. ಹೋದ ವರ್ಷ ಒಬ್ಬ ಕೊಟ್ಟುಹೋದ, ಎರಡೇ ದಿನಕ್ಕೆ ಕೆಟ್ಟೋಯ್ತು."

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಳತೆಯಕ್ಕ ಹೊರಗೆ ಬಂದರು. ನಾನು ಊಹಿಸಿಕೊಂಡಿದ್ದ ಸೊರಗಿದ ಮುಖ ಎಲ್ಲೂ ಕಾಣಲಿಲ್ಲ. ಗಟ್ಟಿಮುಟ್ಟಾದ ಆಳು, ಕಣ್ಣು ಮಾತ್ರ ನಮ್ಮ ಕೈಯ ದಾಖಲೆ ಪುಸ್ತಕದ ಮೇಲೆ. ಬನ್ನಿ ಎಂದರು, ಕೂರಿ ಎಂದರು, ನೀರು ಕೊಟ್ಟರು. ಒಂದು ಮುಗುಳ್ನಗೆಯನ್ನೂ ದಂಡ ಮಾಡಲಿಲ್ಲ.

ಸಾಹೇಬರು ಮೊದಲು ಮಂಚದ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಅಟ್ಟ. ಆಮೇಲೆ ಬಡಗಿಯ ಹತಾರಗಳ ಪೆಟ್ಟಿಗೆ. ಉಳಿ, ಬಾಚಿ, ಒಂದು ಹಿಡಿ ಮೊಳೆ ಬಿಟ್ಟರೆ ನಿಧಿ ಸಿಗಲಿಲ್ಲ. ಕುರ್ಚಿಗೆ ಬಂದು ಕೂತು ಅಸಲು ಬಾಣ ಬಿಟ್ಟರು.

"ನಮಗೆ ಫೋನು ಮಾಡಿದ ಮೇಲೆ ಇನ್ನೊಂದು ಫೋನು ಮಾಡ್ತೀರಲ್ಲಮ್ಮ. ಯಾರಿಗೆ?"

"ಕೆಳಗಡೆ ದೋಣಿ ನಡೆಸೋ ಅಣ್ಣನಿಗೆ."

ಅಡಗಿಸುತ್ತಾರೆ, ಅಳುತ್ತಾರೆ, ಆಮೇಲೆ ಒಪ್ಪಿಕೊಳ್ಳುತ್ತಾರೆ ಎಂದು ಸಾಹೇಬರು ಲೆಕ್ಕ ಹಾಕಿದ್ದರೋ ಏನೋ, ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. "ಏನು ಹೇಳ್ತೀರಿ ಅವನಿಗೆ?"

"ನೀರು ಎಷ್ಟಿದೆ ಅಂತ. ಐದಡಿ ದಾಟಿದ್ರೆ ಅವನು ದೋಣಿ ಬಿಡಬಾರದು. ದೋಣೀಲಿ ದಿನಾ ಜನ ಕೆಲಸಕ್ಕೆ ಹೋಗ್ತಾರೆ."

"ಅವನಿಗೆ ನಮ್ಮ ಕಚೇರಿಯಿಂದ ಅಂಕಿ ಹೋಗುತ್ತಲ್ಲ."

"ಹೋಗುತ್ತೆ. ಅದು ಈ ನದಿಯ ಅಂಕಿ ಅಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನ ಕೈ ಆಗಲೇ ಹೆಗಲ ಮೇಲಿತ್ತು.

ಮೊಳೆಯಿಂದ ತಮ್ಮ ಪುಸ್ತಕ ಇಳಿಸಿ ಅಕ್ಕ ಮೇಜಿನ ಮೇಲಿಟ್ಟರು. ಸಾಹೇಬರು ನಮ್ಮದನ್ನು ಪಕ್ಕದಲ್ಲಿ ತೆರೆದರು. ಬೆರಳಿಟ್ಟು ಹೋಲಿಸುತ್ತ ಹೋದಂತೆ ಅವರ ಮುಖ ಬೆಳಗುತ್ತ ಬಂತು. ಹೋದ ತಿಂಗಳ ಹನ್ನೆರಡನೇ ತಾರೀಕು ಅಕ್ಕನ ಪುಸ್ತಕದಲ್ಲಿ ಆರಡಿ ಮೂರಂಗುಲ, ನಮ್ಮದರಲ್ಲಿ ನಾಲ್ಕಡಿ ಒಂಬತ್ತು. ಅಂಥವು ಒಟ್ಟು ಹನ್ನೊಂದು.

"ನೋಡಿ, ಸಿಕ್ಕಿತು. ಕಚೇರಿಗೆ ಒಂದು ಹೇಳೋದು, ಮನೇಲಿ ಇನ್ನೊಂದು ಬರ್ಕೊಳ್ಳೋದು. ಹನ್ನೊಂದು ಸಲ. ಇದಕ್ಕೆ ಏನಂತೀರಿ? ನಾಳೆಯಿಂದ ಸಾಮಾನು ಕಟ್ಟೋಕೆ ಶುರು ಮಾಡಬಹುದು ನೀವು."

ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರು. ಕಿವಿ ಮಂದ, ಆದರೆ ಸಾಮಾನು ಕಟ್ಟುವ ಮಾತು ಎಲ್ಲರಿಗೂ ಕೇಳುತ್ತದೆ. ಅಕ್ಕನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

"ಸಾರ್, ನಾನು ಪಟ್ಟಣದಲ್ಲಿ ಆ ನಕಲು ಮೇಜಲ್ಲಿ ಎಂಟು ವರ್ಷ ಇದ್ದೆ," ಎಂದರು. "ನಾನು ನೋಡದ ನೀರನ್ನ ಎಂಟು ವರ್ಷ ಬರೆದೆ. ಬಂದ ಅಂಕಿ ಒಂದು, ಮೇಲೆ ಹೋದ ಅಂಕಿ ಇನ್ನೊಂದು. ಅದಕ್ಕೇ ಇಲ್ಲಿಗೆ ಕೇಳ್ಕೊಂಡು ಬಂದೆ. ಅದಕ್ಕೇ ಪ್ರತಿ ದಿನ ತಿರುಗಿ ಓದಿಸ್ತೀನಿ. ಹನ್ನೆರಡನೇ ತಾರೀಕು ಓದಿದವರು ಇಲ್ಲೇ ಕೂತಿದ್ದಾರೆ. ಎಷ್ಟು ಓದಿದ್ರು ಅಂತ ಅವರನ್ನೇ ಕೇಳಿ."

ಸಾಹೇಬರು ನನ್ನ ಕಡೆ ತಿರುಗಿದರು. ನನ್ನ ಮುಂದೆ ಎರಡು ದಾರಿ. ನೆನಪಿಲ್ಲ ಎಂದರೆ ನನ್ನ ಕುರ್ಚಿ ಭದ್ರ, ಅಕ್ಕ ಮೆಟ್ಟಿಲಿಳಿದು ನೀರು ನೋಡುವುದು ಆ ಸಂಜೆಗೇ ಕೊನೆ. ನೆನಪಿದೆ ಎಂದರೆ ಗೋಡೆಯ ಮೇಲಿನ ನಾಜೂಕು ಗೆರೆಯ ಜೊತೆಗೆ ನನ್ನ ಮಾನವೂ ಕೆಳಗೆ. ಧರ್ಮ, ನ್ಯಾಯ ಅಂತೆಲ್ಲ ಯೋಚಿಸಿದೆ ಎಂದು ಬರೆಯಲು ಆಸೆಯಿದೆ. ನಿಜವೆಂದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು, ಎರಡೇ ದಿನಕ್ಕೆ ಕೆಟ್ಟುಹೋದ ಸಾಮಾನನ್ನು ನೋಡುವ ಹಾಗೆ.

"ಆರಡಿ ಮೂರು ಅಂತಲೇ ಓದಿದ್ದೆ ಸಾರ್," ಎಂದೆ. "ಫೋನು ಇಟ್ಟ ಮೇಲೆ ನಾಲ್ಕಡಿ ಒಂಬತ್ತು ಬರೆದೆ. ಹನ್ನೊಂದೂ ನನ್ನ ಕೈಯೇ. ನಯಗೊಳಿಸಿದ್ದು."

"ಯಾರು ಹೇಳಿದ್ದು ನಯಗೊಳಿಸೋಕೆ?"

"ಗೆರೆ ಚೆನ್ನಾಗಿ ಬರಬೇಕು ಅಂತ ಕಚೇರಿಯ ಪದ್ಧತಿ, ಸಾರ್. ಹೋದ ಸಲ ತಪಾಸಣೆಗೆ ಬಂದಾಗ ಗೆರೆ ಬಲು ಚೆನ್ನಾಗಿದೆ ಅಂತ ತಾವೇ ಬರೆದಿದ್ದೀರಿ."

ಸಾಹೇಬರು ಕೆಮ್ಮಿದರು. ಲೋಟದಲ್ಲಿ ಉಳಿದ ನೀರನ್ನು ಕುಡಿದರು. ಬಹಳ ಹೊತ್ತು ಕಿಟಕಿಯಿಂದ ಆಚೆ, ಇಷ್ಟಕ್ಕೆಲ್ಲ ಕಾರಣವಾದ ನದಿಯನ್ನು ಗುಮಾನಿಯಿಂದ ನೋಡಿದರು. ಕೊನೆಗೆ ಪೆನ್ನು ತೆಗೆದು ವರದಿ ಬರೆದರು. ಎರಡನೇ ಕರೆ ಜನಹಿತದ್ದು, ಅನುಮತಿಗೆ ಒಳಪಟ್ಟು ಮುಂದುವರಿಯಬಹುದು. ಅವಧಿ ಮೂರು ವರ್ಷ ವಿಸ್ತರಿಸಬಹುದು. ದಾಖಲೆ ಬರೆಯುವ ಗುಮಾಸ್ತನ ಮೇಲೆ ಕಣ್ಣಿಡತಕ್ಕದ್ದು. ಗೆರೆಯ ವಿಷಯ ವರದಿಯಲ್ಲಿ ಬರಲಿಲ್ಲ. ಕೆಲವು ವಿಷಯಗಳನ್ನು ವರದಿಯಲ್ಲೂ ನಯಗೊಳಿಸುತ್ತಾರೆ.

ಅಕ್ಕ ಅದನ್ನು ಎರಡು ಸಲ ಓದಿ, ನಕಲು ಬೇಕು ಎಂದರು. ಸಾಹೇಬರ ಮೇಲೆ ನಂಬಿಕೆ ಇಲ್ಲವೇ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, "ನಂಬಿಕೆ ಕಾಗದದ ಮೇಲೆ ಇದೆ" ಎಂದರು.

ಸಾಹೇಬರು ಜೀಪಿನಲ್ಲಿ ಕೂತರು. ನನಗೆ ಮಾತ್ರ ಹೊರಡಲು ಮನಸ್ಸಾಗಲಿಲ್ಲ. ಜೀವಮಾನಕ್ಕೊಮ್ಮೆ ಮಾಡುವಂಥ ಕೆಲಸ ಮಾಡಿದ್ದೇನೆ, ಒಂದು ಒಳ್ಳೆಯ ಮಾತೂ ಕಿವಿಗೆ ಬೀಳದೆ ಹೋಗುವುದೆಂದರೆ ಹೇಗೆ? ಏನೋ ಮರೆತವನಂತೆ ಅಂಗಳಕ್ಕೆ ವಾಪಸ್ಸು ಬಂದೆ. ಅಕ್ಕ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲ ಬಾಯಲ್ಲಿ ನಿಂತಿದ್ದರು.

"ಅಕ್ಕಾ," ಎಂದೆ, ಆದಷ್ಟು ವಿನಯದಿಂದ, "ಇವತ್ತು ನಾನು ನಿಜ ಹೇಳದೇ ಹೋಗಿದ್ರೆ ನೀವು ಏನು ಮಾಡ್ತಿದ್ರಿ?"

"ಐದು ಗಂಟೆಗೆ ನೀರು ನೋಡೋಕೆ ಹೋಗ್ತಿದ್ದೆ," ಎಂದರು. "ಸ್ವಲ್ಪ ಆ ಕಡೆ ಸರೀರಿ, ದಾರಿಗೆ ಅಡ್ಡ ನಿಂತಿದ್ದೀರಿ."